ಮೊದಲು ಆ ನಿಂಬೆಹಣ್ಣು ಕೆಳಗಿಡು

ಪುಟ್ಟೀ, ನಿನ್ನ ಮೆಸೇಜು ಬೆಳಿಗ್ಗೆಯೇ ನೋಡಿದೆ. ಮಗಳ ಮುಖದ ತುಂಬ ಮೊಡವೆ, ಕಾಲೇಜಿಗೆ ಹೋಗಲ್ಲ ಅಂತ ಅಳುತ್ತಾಳೆ, ಮುಂದಿನ ತಿಂಗಳು ಹಾಸನದಲ್ಲಿ ಮದುವೆ ಬೇರೆ ಇದೆ, ನಿಂಬೆರಸಕ್ಕೆ ಅಡುಗೆ ಸೋಡಾ ಕಲಸಿ ಹಚ್ಚಿದರೆ ಮೂರೇ ದಿನದಲ್ಲಿ ಹೋಗುತ್ತದಂತೆ, ಹಚ್ಚಲಾ ದೊಡ್ಡಮ್ಮ ಅಂತ ಕೇಳಿದ್ದೀಯ. ಅದರ ಕೆಳಗೆ ಆರು ಜನ ಹೆಬ್ಬೆರಳು ಒತ್ತಿದ್ದಾರೆ. ಒಬ್ಬರಾದರೂ ಬೇಡ ಅನ್ನಬಾರದಾ? ನನಗೆ ಟೈಪ್ ಮಾಡಲು ಅಕ್ಷರ ಕಾಣುವುದಿಲ್ಲ, ಮಾತಾಡಿಯೇ ಹಾಕುತ್ತಿದ್ದೇನೆ. ಉದ್ದವಾಯ್ತು ಅಂತ ಯಾರೂ ಓಡಿಸಿ ಕೇಳಬೇಡಿ.

ಮೊದಲು ಆ ನಿಂಬೆಹಣ್ಣು ಕೆಳಗಿಡು. ಮುಖಕ್ಕೆ ನಿಂಬೆಹಣ್ಣು ಮಾತ್ರ ಬೇಡ.

ನನ್ನ ಕಥೆ ನಿಮ್ಮಮ್ಮನಿಗೆ ಗೊತ್ತಿತ್ತು, ನಿಮಗ್ಯಾರಿಗೂ ಹೇಳಿಲ್ಲ. 1978ರ ಮಾರ್ಚ್ ತಿಂಗಳು. ನನಗೆ ಹತ್ತೊಂಬತ್ತು. ಗುರುವಾರ ಗಂಡಿನ ಕಡೆಯವರು ನೋಡಲು ಬರುತ್ತಾರೆ ಅಂತ ಅಪ್ಪ ಹೇಳಿದ್ದರು. ನನ್ನ ಎಡಗೆನ್ನೆಯ ಮೇಲೆ ನಾಲ್ಕೈದು ಮೊಡವೆ, ಅಷ್ಟೇ. ಈಗ ನೆನೆಸಿಕೊಂಡರೆ ಅದೇನೂ ಅಲ್ಲ. ಆಗ ಅದೇ ಲೋಕ. ಹಳೇ ಮನೆಯ ಬಾವಿ ಪಕ್ಕ ನಿಂಬೆಗಿಡ ಇತ್ತಲ್ಲ, ಅದರಿಂದ ಸೋಮವಾರ ಬೆಳಿಗ್ಗೆ ಒಂದು ಕಾಯಿ ಕಿತ್ತು, ಹೋಳು ಮಾಡಿ, ಸಿಪ್ಪೆ ಸಮೇತ ಗಸಗಸ ಉಜ್ಜಿದೆ. ರಸ ಕೆನ್ನೆಯಿಂದ ಜಾರಿ ಕತ್ತಿನವರೆಗೆ ಇಳಿಯಿತು. ಒರೆಸಲಿಲ್ಲ. ಒಣಗಿದರೆ ಒಳ್ಳೆಯದು ಅಂತ ಹಾಗೇ ಬಿಟ್ಟೆ. ಅವತ್ತೇ ಅಮ್ಮ ಅಂಗಳದಲ್ಲಿ ಅಕ್ಕಿ ಸಂಡಿಗೆ ಹಾಕಿದ್ದರು. ಕಾಗೆ ಕಾಯುವುದು ನನ್ನ ಕೆಲಸ. ಹತ್ತು ಗಂಟೆಯಿಂದ ಎರಡು ಗಂಟೆಯವರೆಗೆ ಕೋಲು ಹಿಡಿದು ಬಿಸಿಲಲ್ಲೇ ಕೂತಿದ್ದೆ.

ಸಂಜೆ ಸ್ವಲ್ಪ ಚುರುಚುರು ಅಂದಿತು. ಮೊಡವೆ ಸಾಯುತ್ತಿದೆ ಅಂತ ಖುಷಿಪಟ್ಟೆ ನೋಡು, ಪೆದ್ದಿ! ಮಂಗಳವಾರ ರಾತ್ರಿ ಕೆನ್ನೆ ಕೆಂಪಾಗಿ ಉರಿ. ಬುಧವಾರ ಬೆಳಿಗ್ಗೆ ಕನ್ನಡಿ ನೋಡಿದರೆ ನೀರುಗುಳ್ಳೆ. ಅದೂ ಹೇಗೆ ಗೊತ್ತಾ? ರಸ ಎಲ್ಲೆಲ್ಲಿ ಇಳಿದಿತ್ತೋ ಅಲ್ಲೇ, ಗೆರೆ ಎಳೆದ ಹಾಗೆ, ಕೆನ್ನೆಯಿಂದ ಕತ್ತಿಗೆ. ಹೋಳು ಹಿಂಡಿದ ಎರಡು ಬೆರಳ ಮೇಲೂ ಗುಳ್ಳೆ. ಗುರುವಾರ ಅವರು ಬಂದರು. ಕಾಫಿ ಕೊಡಲು ಬಗ್ಗಿದಾಗ ಹುಡುಗನ ಅತ್ತೆ ಎಲ್ಲರಿಗೂ ಕೇಳಿಸುವ ಹಾಗೆ, "ಇದೇನು, ಹುಡುಗಿಗೆ ಸುಟ್ಟ ಗಾಯವಾ?" ಅಂದರು. ಆ ಸಂಬಂಧ ಅಲ್ಲಿಗೇ ಮುಗಿಯಿತು. ಒಳ್ಳೆಯದಾಯ್ತೋ ಕೆಟ್ಟದಾಯ್ತೋ ಹೇಳುವುದಿಲ್ಲ, ನಿಮ್ಮ ದೊಡ್ಡಪ್ಪ ಪಕ್ಕದಲ್ಲೇ ಪೇಪರ್ ಓದುತ್ತಿದ್ದಾರೆ.

ಗುಳ್ಳೆ ವಾರದಲ್ಲಿ ಒಣಗಿತು. ಕಪ್ಪು ಗೆರೆ ದೀಪಾವಳಿ ದಾಟಿದರೂ ಇತ್ತು. ಕಂಡವರೆಲ್ಲ ಇಷ್ಟು ಚಿಕ್ಕ ವಯಸ್ಸಿಗೇ ಬಂಗು ಬಂತಾ ಅಂತ ಕೇಳುವವರೇ.

ಎಷ್ಟೋ ವರ್ಷದ ಮೇಲೆ ನಿಮ್ಮಣ್ಣನಿಗೆ ಮೊಡವೆ ಬಂದಾಗ ಚರ್ಮದ ಡಾಕ್ಟರಿಗೆ ಈ ಕಥೆ ಹೇಳಿದೆ. ಅವರು ನಗಲಿಲ್ಲ. ನಮ್ಮ ಸಣ್ಣ ನಿಂಬೆಯ ರಸದಲ್ಲಿ, ಸಿಪ್ಪೆಯಲ್ಲಂತೂ ಇನ್ನೂ ಜಾಸ್ತಿ, ಒಂದು ಅಂಶ ಇದೆಯಂತೆ. ಅದು ಚರ್ಮದ ಮೇಲಿದ್ದಾಗ ಬಿಸಿಲು ಬಿದ್ದರೆ ಚರ್ಮ ಸುಟ್ಟೇ ಹೋಗುತ್ತದೆ. ಒಂದೆರಡು ದಿನ ಬಿಟ್ಟು ಕಾಣಿಸಿಕೊಳ್ಳುವುದರಿಂದ ನಿಂಬೆಯಿಂದಲೇ ಆಯಿತು ಅಂತ ಯಾರಿಗೂ ಹೊಳೆಯುವುದೇ ಇಲ್ಲ. ಇನ್ನು ಸೋಡಾ ಬೇರೆ ಕಲಸುತ್ತೀರಿ. ಅದು ಕ್ಷಾರ, ಚರ್ಮ ಒಣಗಿ ಬಿರಿಯುತ್ತದೆ. ಪಾತ್ರೆ ತೊಳೆಯುವ ಸಾಮಾನು ಮುಖಕ್ಕೆ ಯಾಕೆ? ಮತ್ತೊಮ್ಮೆ ಹೇಳುತ್ತೇನೆ, ಮುಖಕ್ಕೆ ನಿಂಬೆಹಣ್ಣು ಹಚ್ಚಬೇಡ. ಚಿತ್ರಾನ್ನಕ್ಕೆ ಹಿಂಡು.

ಆಗ ಉರಿ ಇಳಿಸಿದ್ದು ಅಜ್ಜಿ. ತಣ್ಣೀರು ಬಟ್ಟೆ ಹಾಕಿದರು. ಗುಳ್ಳೆ ಪೂರ್ತಿ ಒಣಗಿದ ಮೇಲೆ ದಿನಾ ಸಂಜೆ ಸಾಣೆಕಲ್ಲಿನ ಮೇಲೆ ಗಂಧ ತೇಯ್ದು ಹಚ್ಚುತ್ತಿದ್ದರು. ಕಪ್ಪು ಅದರಿಂದ ಹೋಯಿತು ಅಂತ ನಾನೇನೂ ಹೇಳುವುದಿಲ್ಲ, ತಂಪಾಗಿತ್ತು ಅಷ್ಟೇ. ಆ ಕಲ್ಲು ನೆನಪಿದೆಯಾ ನಿಮಗೆ? ನಡುವೆ ತೇಯ್ದು ತೇಯ್ದು ತಗ್ಗು ಬಿದ್ದಿತ್ತು, ಅಂಗೈ ಇಟ್ಟರೆ ಸರಿಯಾಗಿ ಕೂರುತ್ತಿತ್ತು. ಅಮ್ಮ ಬಾಯಿಬಿಟ್ಟು ಹೇಳಿದ್ದರು, ಇದು ದೊಡ್ಡವಳಿಗೆ ಅಂತ. ಪಾಲಾದಾಗ ನಾನು ಬೆಳ್ಳಿ ಕೇಳಲಿಲ್ಲ, ತೋಟ ಕೇಳಲಿಲ್ಲ. ಒಂದು ಕಲ್ಲು ಕೇಳಿದೆ. "ಸಿಗಲಿಲ್ಲ ಅಕ್ಕ" ಅಂದರು. ಹೋದ ಯುಗಾದಿಗೆ ತಮ್ಮನ ಮನೆಗೆ ಹೋದರೆ ಬಚ್ಚಲುಮನೆ ಬಾಗಿಲು ಬಡಿಯದ ಹಾಗೆ ಅದನ್ನೇ ಅಡ್ಡ ಇಟ್ಟಿದ್ದಾರೆ! ಮಗುಚಿ ಇಟ್ಟಿದ್ದರು, ತಗ್ಗು ಕಾಣಬಾರದು ಅಂತ. ನಾನು ಅವತ್ತು ಹಬ್ಬ ಅಂತ ಸುಮ್ನಿದ್ದೆ. ತಮ್ಮಾ, ನೀನೂ ಈ ಗ್ರೂಪಿನಲ್ಲೇ ಇದ್ದೀಯ, ಕೇಳಿಸಿಕೋ. ನಿನ್ನ ಹೆಂಡತಿಗೂ ಕೇಳಿಸು. ಬಾಗಿಲಿಗೆ ಒಂದು ಇಟ್ಟಿಗೆ ನಾನೇ ತಂದುಕೊಡುತ್ತೇನೆ.

ಏನು ಹೇಳಲು ಹೊರಟಿದ್ದೆ? ಹಾಂ, ಮಗು. ದಿನಕ್ಕೆ ಎರಡು ಸಲ, ಬೆವರಿದರೆ ಇನ್ನೊಂದು ಸಲ, ಉಗುರುಬೆಚ್ಚಗಿನ ನೀರು, ಮೆತ್ತಗಿನ ಸೋಪು. ಉಜ್ಜಬಾರದು. ಕಡಲೆಹಿಟ್ಟೇ ಬೇಕು ಅಂದರೆ ತೆಳ್ಳಗೆ ಕಲಸಿ ತೊಳೆಯಲಿ, ತಿಕ್ಕುವುದು ಬೇಡ. ಟೂತ್‌ಪೇಸ್ಟ್, ಬೆಳ್ಳುಳ್ಳಿ ಹತ್ತಿರವೂ ತರಬೇಡ. ತಲೆಗೆ ಎಣ್ಣೆ ಹಚ್ಚಿಕೊಂಡು ಮಲಗುತ್ತಾಳಲ್ಲ, ಅದು ಹಣೆಗೆ ಇಳಿದೂ ಮೊಡವೆ ಬರುತ್ತದೆ. ಸ್ನಾನಕ್ಕೆ ಒಂದು ಗಂಟೆ ಮುಂಚೆ ಹಚ್ಚಿ ತೊಳೆದುಬಿಡಿ. ದಿಂಬಿನ ಕವರು ವಾರಕ್ಕೆ ಎರಡು ಸಲ ಬದಲಿಸು. ಚಿವುಟಿದರೆ ಕೈಗೆ ಒಂದು ಏಟು ಕೊಡು, ಅದರಿಂದ ಕಲೆ ಬೀಳುವುದು ಜಾಸ್ತಿ. ದೊಡ್ಡದಾಗಿ ನೋಯುತ್ತಿದ್ದರೆ ಐಸನ್ನು ಬಟ್ಟೆಯಲ್ಲಿ ಸುತ್ತಿ ಒಂದೆರಡು ನಿಮಿಷ ಇಡಲಿ.

ಔಷಧಿ ಅಂತ ಬೇಕಾದರೆ ಮೆಡಿಕಲ್ ಶಾಪಿನಲ್ಲಿ ಬೆಂಜಾಯ್ಲ್ ಪೆರಾಕ್ಸೈಡ್ 2.5 ಪರ್ಸೆಂಟ್ ಜೆಲ್ ಕೇಳು. ನಿಮ್ಮಣ್ಣನಿಗೆ ಕೊಟ್ಟಿದ್ದೂ ಅದೇ. ಮೊಡವೆ ಬರುವ ಜಾಗಕ್ಕೆಲ್ಲ ತೆಳ್ಳಗೆ, ಮೊದಲೆರಡು ವಾರ ದಿನ ಬಿಟ್ಟು ದಿನ, ರಾತ್ರಿ ಮಾತ್ರ. ಬಣ್ಣದ ಟವೆಲಿಗೆ ತಾಗಿದರೆ ಬೆಳ್ಳಗೆ ಮಚ್ಚೆ ಬೀಳುತ್ತದೆ, ನನ್ನ ನೀಲಿ ಟವೆಲು ಹಾಗೇ ಹಾಳಾಯ್ತು. ಕಡಿಮೆ ಆಗಲು ಎರಡು ತಿಂಗಳು ಬೇಕು, ಮದುವೆಗೆ ಅಂತ ಅವಸರ ಮಾಡಬೇಡಿ. ಬೆಳ್ಳಗಾಗುವ ಕ್ರೀಮು ಅಂತ ಯಾರಾದರೂ ಕೊಟ್ಟರೆ ಮುಟ್ಟಬೇಡ, ಅದರಲ್ಲಿ ಸ್ಟೀರಾಯ್ಡ್ ಇದ್ದರೆ ಮೊಡವೆ ಇನ್ನೂ ಜಾಸ್ತಿ. ಮುಟ್ಟು ಸರಿಯಾಗಿ ಆಗುತ್ತಿಲ್ಲ, ಗಲ್ಲದ ಮೇಲೆ ಕೂದಲು ಬರುತ್ತಿದೆ ಅಂದರೆ, ಅಥವಾ ಗಂಟುಗಂಟಾಗಿ ಕಲೆ ಉಳಿಯುತ್ತಿದ್ದರೆ, ಮನೆಮದ್ದು ಅಂತ ಕಾಯದೆ ಡಾಕ್ಟರಿಗೆ ತೋರಿಸು. ಜಿಲ್ಲಾಸ್ಪತ್ರೆಯಲ್ಲೇ ಚರ್ಮದ ವಿಭಾಗ ಇದೆ, ಚೀಟಿಗೆ ಜಾಸ್ತಿ ದುಡ್ಡೇನೂ ಆಗುವುದಿಲ್ಲ.

ಅವಳ ಒಂದು ಫೋಟೋ ಹಾಕು, ಫೋನು ತಾನೇ ನುಣ್ಣಗೆ ಮಾಡುತ್ತದಲ್ಲ, ಅದನ್ನು ಆಫ್ ಮಾಡಿ ತೆಗೆ. ನನಗೊಬ್ಬಳಿಗೇ ಕಳಿಸು, ಗ್ರೂಪಿಗೆ ಹಾಕಬೇಡ. ಮಗುವಿಗೆ ಬೇಜಾರಾಗುತ್ತದೆ.