ದೆಹಲಿಗೆ ವಿಮಾನದಲ್ಲಿ ಹೋಗಬೇಕು: ರೈಫಲ್ಲಾ, ಪಿಸ್ತೂಲಾ, ತಾತನ ತುಪಾಕಿನಾ?

ಶಿಡ್ಲಘಟ್ಟದ ರೀಲರ್

ಎಲ್ಲರಿಗೂ ನಮಸ್ಕಾರ. ಫೆಬ್ರವರಿ ಎರಡನೇ ವಾರ ದೆಹಲಿಗೆ ಹೋಗುತ್ತಿದ್ದೇನೆ. ಒಂದು ಕಾಲದಲ್ಲಿ ಬೆಂಗಳೂರಿನ ಒಂದೇ ರೇಂಜ್‌ನಲ್ಲಿ ಗುಂಡು ಹೊಡೆಯುತ್ತಿದ್ದ ಎಂಟು ಜನ ಸೇರುತ್ತೇವೆ. ಜಾಗ ತುಘಲಕಾಬಾದ್‌ನ ಕರ್ಣಿ ಸಿಂಗ್ ರೇಂಜ್. ಮೊದಲ ದಿನ 10 ಮೀಟರ್, ಎರಡನೇ ದಿನ ಮನಸ್ಸು ಬಂದವರು ಟ್ರ್ಯಾಪ್, ಅಂದರೆ ಹಾರುವ ಮಣ್ಣಿನ ತಟ್ಟೆಗೆ ಗುಂಡು ಹೊಡೆಯೋದು. ಮೆಡಲ್ ಗಿಡಲ್ ಏನಿಲ್ಲ. ಸೋತವರು ಬಿರಿಯಾನಿ ಕೊಡಿಸಬೇಕು, ಅಷ್ಟೇ.

ನನ್ನ ಹತ್ತಿರ ಮೂರು ಇವೆ. ಒಂದು, 10 ಮೀಟರ್ ಏರ್ ರೈಫಲ್. ಜರ್ಮನಿಯದು, ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಎರಡು, ಏರ್ ಪಿಸ್ತೂಲ್. ಮೂರು, ತಾತನ ಕಾಲದ 12 ಬೋರ್ ಡಬಲ್ ಬ್ಯಾರೆಲ್. ನಮ್ಮ ಮನೆಯಲ್ಲಿ ಅದಕ್ಕೆ ತುಪಾಕಿ ಅಂತಲೇ ಹೆಸರು. ತೋಟಕ್ಕೆ ಬರುವ ಕಾಡುಹಂದಿ ಹೆದರಿಸೋಕೆ ಅಂತ ಲೈಸೆನ್ಸ್ ಆಗಿದ್ದು. ಈಗ ಚುನಾವಣೆ ಬಂದಾಗಲೆಲ್ಲ ಸ್ಟೇಷನ್‌ಗೆ ಕೊಟ್ಟು ಬರೋದು, ಮುಗಿದ ಮೇಲೆ ವಾಪಸ್ ತರೋದು. ಹಂದಿಗಿಂತ ಪೊಲೀಸರೇ ಅದನ್ನು ಜಾಸ್ತಿ ನೋಡಿದ್ದಾರೆ.

ಮನಸ್ಸು ರೈಫಲ್ ಕಡೆಗಿದೆ. ತೊಂದರೆ ತೂಕದ್ದು. ಟಿಕೆಟ್‌ನಲ್ಲಿ 15 ಕೆಜಿ ಅಂತಿದೆ. ನಿನ್ನೆ ನಮ್ಮ ಫಿಲೇಚರ್‌ನಲ್ಲಿ (ರೇಷ್ಮೆ ನೂಲು ತೆಗೆಯುವ ಜಾಗ) ರೇಷ್ಮೆಗೂಡು ತೂಗುವ ಮೆಷಿನ್ ಮೇಲೆ ಒಂದೊಂದೇ ಇಟ್ಟು ನೋಡಿದೆ. ರೈಫಲ್ 4.6. ಅದರ ಗಟ್ಟಿ ಪೆಟ್ಟಿಗೆ ಖಾಲಿಯೇ 5.2. ಜಾಕೆಟ್ಟು ಪ್ಯಾಂಟು ಸೇರಿ 4.9. ಶೂ 1.6. ಒಟ್ಟು 16.3. ಇನ್ನೂ ಒಂದು ಬನಿಯನ್ ಕೂಡ ಹಾಕಿಲ್ಲ! ಮೆಷಿನ್ ಹತ್ತಿರ ಇದ್ದ ಹುಡುಗ, "ಸಾರ್, ಇದು ದ್ವಿತಳಿನಾ, ಮಿಶ್ರತಳಿನಾ?" ಅಂತ ಕೇಳಿದ.

ಎರಡು ತಗೊಂಡು ಹೋದರೆ ಒಂದು ಕೈಕೊಟ್ಟರೂ ಇನ್ನೊಂದು ಇರುತ್ತೆ ಅಂತಲೂ ಯೋಚನೆ. ಟೋಕಿಯೋದಲ್ಲಿ ಮನು ಭಾಕರ್ ಪಿಸ್ತೂಲು ನಡುವೆ ಕೆಟ್ಟುಹೋಗಿದ್ದು ನೆನಪಿದೆ ಅಲ್ವಾ? ನಾನು ವಿಮಾನದಲ್ಲಿ ಹೋಗಿದ್ದೇ ಎರಡು ಸಲ. ಬಂದೂಕು ಜೊತೆ ಒಮ್ಮೆಯೂ ಇಲ್ಲ. ಹೋಗಿ ಬಂದವರು ಹೇಳಿ.

12 ಬೋರ್, ಬಂಗಾರಪೇಟೆ

ಇದರಲ್ಲಿ ಕೇಳೋದೇನಿದೆ ಸ್ವಾಮಿ? ತುಪಾಕಿ ತಗೊಂಡು ಹೋಗಿ. ಹೋಗುತ್ತಿರೋದು ಯಾರ ಹೆಸರಿನ ರೇಂಜ್‌ಗೆ? ಬಿಕಾನೇರಿನ ಮಹಾರಾಜ ಕರ್ಣಿ ಸಿಂಗ್. ಐದು ಒಲಿಂಪಿಕ್ಸ್ ಆಡಿದವರು, 1962ರಲ್ಲಿ ಕೈರೋ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಟ್ರ್ಯಾಪ್ ಬೆಳ್ಳಿ ಗೆದ್ದವರು. ಅವರ ಅಂಗಳಕ್ಕೆ ಹೋಗಿ ಕಾಗದಕ್ಕೆ ಗಾಳಿ ಗುಂಡು ಹೊಡೆದು ಬರುತ್ತೀರಾ? ಟ್ರ್ಯಾಪ್‌ನಲ್ಲಿ ಮಣ್ಣಿನ ತಟ್ಟೆ ಪುಡಿಯಾಗಿ ಉದುರುತ್ತಲ್ಲ, ಆ ಖುಷಿ ರೈಫಲ್‌ನಲ್ಲಿ ಒಂದು ಗುಂಡಿಗೆ ಸಿಗುವ ಅತಿ ಹೆಚ್ಚಿನ ಅಂಕ 10.9ಕ್ಕೂ ಬರಲ್ಲ.

ಒಂದೇ ಲೆಕ್ಕ ನೆನಪಿಡಿ. ವಿಮಾನದಲ್ಲಿ ತೋಟಾ ಪ್ಯಾಕಿಂಗ್ ಸೇರಿ ತಲೆಗೆ 5 ಕೆಜಿ ದಾಟುವಂತಿಲ್ಲ. 24 ಗ್ರಾಂ ಛರ್ರಾ (ಸಣ್ಣ ಸೀಸದ ಗುಂಡು) ಇರುವ ತೋಟಾ 25ರ ಡಬ್ಬಿ ಹೆಚ್ಚುಕಮ್ಮಿ ಒಂದು ಕೆಜಿ ತೂಗುತ್ತೆ. ನಾಲ್ಕು ಡಬ್ಬಿ ಇಟ್ಟುಕೊಳ್ಳಿ, ಧಾರಾಳವಾಯಿತು. ಏರ್‌ಲೈನ್‌ನವರು ಇನ್ನೂ ಕಮ್ಮಿ ಹೇಳಿದರೆ ಅವರು ಹೇಳಿದ್ದೇ ಕೊನೆ, ಜಗಳ ಆಡಬೇಡಿ.

ಹಳೇ ಫೌಜಿ, ಗೌರಿಬಿದನೂರು

ಬಂಗಾರಪೇಟೆಯವರ ಉತ್ಸಾಹ ಚೆನ್ನಾಗಿದೆ. ಆದರೆ ತೋಟಾ ಎಣಿಸುವ ಮೊದಲು ಲೈಸೆನ್ಸ್ ಪುಸ್ತಕ ತೆಗೆದು ನೋಡಬೇಕು. ವ್ಯಾಪ್ತಿ ಅನ್ನುವ ಕಡೆ ಏನು ಬರೆದಿದ್ದಾರೆ? ಬೆಳೆ ಕಾಯೋಕೆ ಕೊಟ್ಟ ಲೈಸೆನ್ಸ್‌ಗಳಲ್ಲಿ ಜಿಲ್ಲೆ ಅಂತಲೋ ಕರ್ನಾಟಕ ಅಂತಲೋ ಇರೋದು ಮಾಮೂಲು. ಹಾಗಿದ್ದರೆ ಅದು ದೆಹಲಿಯಲ್ಲಿ ಇಳಿದ ತಕ್ಷಣ ಲೈಸೆನ್ಸ್ ಇಲ್ಲದ ಬಂದೂಕು. ಆರ್ಮ್ಸ್ ಆಕ್ಟ್ ಕೇಸು. ಬಿರಿಯಾನಿ ಬೇರೆ ಕಡೆ ತಿನ್ನಬೇಕಾಗುತ್ತೆ.

ವ್ಯಾಪ್ತಿ ಹೆಚ್ಚಿಸಿ ಅಂತ ಡಿಸಿ ಆಫೀಸಿಗೆ ಅರ್ಜಿ ಕೊಡಬಹುದು. ಅದು ಫೆಬ್ರವರಿ ಒಳಗೆ ಆಗುವ ಕೆಲಸ ಅಂತ ಅಂದುಕೊಳ್ಳಬೇಡಿ.

ಏರ್ ರೈಫಲ್, ಏರ್ ಪಿಸ್ತೂಲಿಗೆ ಆ ಗೋಳಿಲ್ಲ. 4.5 ಮಿಮೀ ಬೋರು, 20 ಜೂಲ್ ಒಳಗಿನ ಶಕ್ತಿ ಇದ್ದರೆ ಲೈಸೆನ್ಸ್ ಬೇಡ. ಮ್ಯಾಚ್ ಗನ್‌ಗಳು ಅದರ ಅರ್ಧವನ್ನೂ ಮುಟ್ಟಲ್ಲ. ಆದರೆ ಏರ್‌ಪೋರ್ಟ್‌ನಲ್ಲಿ ನಿಂತಿರುವವನಿಗೆ ಅದು ನೋಡೋಕೆ ಬಂದೂಕೇ. ಬಿಲ್ಲು, ಜೂಲ್ ಎಷ್ಟು ಅಂತ ಇರುವ ಕಾಗದ, ರೈಫಲ್ ಅಸೋಸಿಯೇಷನ್ ಕಾರ್ಡು, ಎಲ್ಲದರ ಎರಡೆರಡು ಜೆರಾಕ್ಸ್ ಕೈಯಲ್ಲಿರಲಿ. ಪೆಟ್ಟಿಗೆಯ ಒಳಗಲ್ಲ, ಕೈಯಲ್ಲಿ.

ಕ್ಯಾತ್ಸಂದ್ರದ ಅಮ್ಮ

ನನ್ನ ಮಗಳು ಏರ್ ರೈಫಲ್ ಆಡುತ್ತಾಳೆ. ಐದು ವರ್ಷದಿಂದ ಅವಳ ಪೆಟ್ಟಿಗೆ ಎಳೆಯೋದೇ ನನ್ನ ಕೆಲಸ, ಅದಕ್ಕೇ ಬರೆಯುತ್ತಿದ್ದೇನೆ. ರೈಫಲ್ಲೋ ಪಿಸ್ತೂಲೋ, ಯಾವುದು ತಗೊಂಡು ಹೋದರೂ ಅದರ ಗಾಳಿ ತುಂಬುವ ಸಿಲಿಂಡರ್ ವಿಷಯ ಮರೆಯಬೇಡಿ.

ಮೊದಲ ಸಲ ನಮಗೆ ಆಗಿದ್ದು ಹೇಳುತ್ತೇನೆ. ಯಾವ ಏರ್‌ಪೋರ್ಟ್ ಅಂತ ಬೇಡ. ತುಮಕೂರಿನಿಂದ ಬೆಳಗಿನ ಜಾವ ಮೂರಕ್ಕೆ ಹೊರಟು ಕೌಂಟರ್‌ನಲ್ಲಿ ನಿಂತಿದ್ದೆವು. ಪೆಟ್ಟಿಗೆ ತೆಗೆಸಿದರು. ಸಿಲಿಂಡರ್‌ನ ಗೇಜು 180 ಬಾರ್ ತೋರಿಸುತ್ತಿತ್ತು. "ಒತ್ತಡ ತುಂಬಿದ ಸಿಲಿಂಡರ್ ಹೋಗಲ್ಲ ಮೇಡಂ, ಖಾಲಿ ಮಾಡಿ." ಮಾಡೋಕೆ ಗಾಳಿ ಬಿಡುವ ಸ್ಕ್ರೂ ಬೇಕಲ್ಲ! ಅದು ಮನೆಯ ಶೋಕೇಸಿನಲ್ಲಿ, ಅವಳ ಟ್ರೋಫಿ ಪಕ್ಕ. ಕೊನೆಗೆ ಸಿಲಿಂಡರ್ ಬಿಚ್ಚಿ ಡ್ರೈವರ್ ಕೈಗೆ ಕೊಟ್ಟು ಮನೆಗೆ ಕಳಿಸಿದೆವು. ಅಲ್ಲಿ ಹೋಗಿ ಯಾರದೋ ಸಿಲಿಂಡರ್ ಸಾಲ ತಗೊಂಡು ಆಡಿದಳು. ಪುಣ್ಯಕ್ಕೆ ಅದೇ ಕಂಪನಿಯ ಗನ್ ಇನ್ನೊಬ್ಬ ಹುಡುಗಿಯ ಹತ್ತಿರ ಇತ್ತು.

ಈಗ ಹಿಂದಿನ ರಾತ್ರಿಯೇ ಮನೆಯಲ್ಲಿ ಖಾಲಿ ಮಾಡುತ್ತೇವೆ. ನಿಧಾನ ಬಿಡಬೇಕು. ಸುಯ್ ಅಂತ ಗಾಳಿ ಹೋಗುತ್ತಾ ಹೋಗುತ್ತಾ ಲೋಹ ಐಸ್ ತರಹ ತಣ್ಣಗಾಗುತ್ತೆ, ಬರಿಗೈಯಲ್ಲಿ ಹಿಡಿಯೋಕಾಗಲ್ಲ. ಮುಳ್ಳು ಸೊನ್ನೆಗೆ ಬಂದ ಮೇಲೆ ಗನ್ನಿಂದ ಬಿಚ್ಚಿ, ಪಕ್ಕದಲ್ಲಿ ಗೇಜು ಮೇಲೆ ಕಾಣುವ ಹಾಗೆ ಇಡಿ. ನೋಡಿದವರು ಏನೂ ಕೇಳದೆ ಮುಚ್ಚುತ್ತಾರೆ. ಬ್ಯಾರೆಲ್‌ನಲ್ಲಿ ಆ ಕಿತ್ತಳೆ ಬಣ್ಣದ ಸೇಫ್ಟಿ ದಾರ ಹಾಕಿರಿ. ಖಾಲಿ ಇದೆ ಅಂತ ಬಾಯಿಬಿಟ್ಟು ಹೇಳೋದು ಉಳಿಯುತ್ತೆ.

ಆಮೇಲೆ ಅಡಾಪ್ಟರ್. ಅಲ್ಲಿ ಗಾಳಿ ತುಂಬುವ ದೊಡ್ಡ ಸಿಲಿಂಡರ್ ಇರುತ್ತೆ, ಆದರೆ ನಿಮ್ಮ ಗನ್ನಿನ ಸಿಲಿಂಡರ್‌ಗೆ ಹೊಂದುವ ಅಡಾಪ್ಟರ್ ಇರುತ್ತೆ ಅಂತ ಹೇಳೋಕಾಗಲ್ಲ. ಹೆಬ್ಬೆರಳಿನಷ್ಟು ಹಿತ್ತಾಳೆ ತುಂಡು. ಅದು ಇಲ್ಲ ಅಂದರೆ ಲಕ್ಷಾಂತರದ ರೈಫಲ್ ಒನಕೆಗೆ ಸಮ.

ಪೆಲೆಟ್ (ಏರ್ ಗನ್ನಿನ ಸೀಸದ ಗುಂಡು) ಡಬ್ಬಿಗೆ ಸುತ್ತ ಟೇಪ್ ಹಾಕಿ. ಬಿಚ್ಚಿಕೊಂಡರೆ ಗುಂಡಿನ ಹಿಂದಿನ ತೆಳು ಅಂಚು ಸೊಟ್ಟಗಾಗುತ್ತೆ, ಆಮೇಲೆ ಎಲ್ಲೆಲ್ಲೋ ಬೀಳುತ್ತೆ.

ಒಂದು ಕೇಳೋದು ಬಿಟ್ಟೆ. ನಿಮ್ಮದು ಸೆಕೆಂಡ್ ಹ್ಯಾಂಡ್ ಅಂದಿರಿ. ಸಿಲಿಂಡರ್ ಮೇಲೆ ಕೊರೆದಿರುವ ತಾರೀಖು ನೋಡಿದ್ದೀರಾ?

ಶಿಡ್ಲಘಟ್ಟದ ರೀಲರ್

ಅಮ್ಮಾ, ನಿಮ್ಮ ಕೊನೆಯ ಸಾಲು ಓದಿ ಎದ್ದು ಹೋಗಿ ನೋಡಿದೆ. ಕನ್ನಡಕ ಹಾಕಿ, ಮೊಬೈಲ್ ಬೆಳಕು ಬಿಟ್ಟು ನೋಡಿದೆ. ರೈಫಲ್‌ನದು 2013. ಪಿಸ್ತೂಲಿನದು 2019.

ಹತ್ತು ವರ್ಷ ಅಲ್ವಾ ಅದರ ಆಯುಷ್ಯ? ಮಾರಿದ ಪುಣ್ಯಾತ್ಮ ಇದನ್ನು ಹೇಳಲಿಲ್ಲ. ನಾನೂ ಕೇಳಲಿಲ್ಲ ಬಿಡಿ. ಇಷ್ಟು ದಿನ ಅದಕ್ಕೆ 200 ಬಾರ್ ತುಂಬಿ ಕೆನ್ನೆ ಪಕ್ಕ ಇಟ್ಟುಕೊಂಡು ಕೂತಿದ್ದೆ. ನೆನೆಸಿಕೊಂಡರೆ ಈಗ ಬೆವರು ಬರುತ್ತೆ.

ಲೈಸೆನ್ಸ್ ಪುಸ್ತಕವನ್ನೂ ತೆಗೆದೆ. ಫೌಜಿಯವರು ಹೇಳಿದ ಹಾಗೇ ಇದೆ. "ಕರ್ನಾಟಕ ರಾಜ್ಯ". ತುಪಾಕಿ ಗೋಡೆಯಲ್ಲೇ ಇರಲಿ. ಬಂಗಾರಪೇಟೆಯವರು ಬೇಜಾರು ಮಾಡಿಕೊಳ್ಳಬೇಡಿ, ಟ್ರ್ಯಾಪ್ ದಿನ ಯಾರದಾದರೂ ಬಂದೂಕಲ್ಲಿ ಹೊಡೆಯೋಕಾಗುತ್ತಾ ಅಂತ ರೇಂಜ್‌ನವರನ್ನೇ ಕೇಳುತ್ತೇನೆ.

ಕ್ಯಾತ್ಸಂದ್ರದ ಅಮ್ಮ

ಹೌದು, ಹತ್ತೇ ವರ್ಷ. ಅದಕ್ಕೆ ಇನ್ನು ಗಾಳಿ ತುಂಬಲೇಬೇಡಿ. ಹೊಸ ಸಿಲಿಂಡರ್ ತರಿಸೋವರೆಗೆ ರೈಫಲ್ ಮಲಗಿರಲಿ. ಮ್ಯಾಚ್‌ಗಳಲ್ಲಿ ತಾರೀಖು ದಾಟಿದ್ದು ನಡೆಯಲ್ಲ, ಸ್ನೇಹಿತರ ಆಟ ಅಂತ ಲೋಹಕ್ಕೇನು ಗೊತ್ತು?

ನನ್ನನ್ನು ಕೇಳಿದರೆ ತಾರೀಖು ಸರಿ ಇದ್ದಿದ್ದರೂ ಪಿಸ್ತೂಲೇ ಅನ್ನುತ್ತಿದ್ದೆ. ರೈಫಲ್ ಅಂದರೆ ಕೆನ್ನೆ, ಭುಜ, ಎಲ್ಲ ನಿಮ್ಮ ಅಳತೆಗೆ ಕೂರಿಸಿರುತ್ತೀರಿ. ಇನ್ನೊಬ್ಬರು ಹೊಡೆಯಬೇಕು ಅಂದರೆ ಅರ್ಧ ಗಂಟೆ ಸ್ಪ್ಯಾನರ್ ತಿರುಗಿಸಬೇಕು. ಜಾಕೆಟ್ ಬೇರೆ. ಅದೂ ಅಲ್ಲದೆ ರೈಫಲ್ ಗುರಿಯಲ್ಲಿ ಹತ್ತು ಅಂದರೆ ಅರ್ಧ ಮಿಲಿಮೀಟರ್ ಚುಕ್ಕೆ. ಅಭ್ಯಾಸ ಬಿಟ್ಟವರು ಎರಡು ಸುತ್ತು ಹೊಡೆದು ಮುಖ ಸಣ್ಣ ಮಾಡಿಕೊಳ್ಳುತ್ತಾರೆ. ಪಿಸ್ತೂಲಿನ ಹತ್ತು 11.5 ಮಿಮೀ. ಜಾಕೆಟ್ ಇಲ್ಲದೆ ಬರೀ ಅಂಗಿಯಲ್ಲೇ ನಿಂತು ಒಬ್ಬರಾದ ಮೇಲೆ ಒಬ್ಬರು ಹೊಡೆಯಬಹುದು. ಸೇರೋದೇ ಅದಕ್ಕಲ್ವಾ?

ಗ್ರಿಪ್ ಯಾವ ಸೈಜು?

ಶಿಡ್ಲಘಟ್ಟದ ರೀಲರ್

ಮೀಡಿಯಂ, ಬಲಗೈ. ಎಂಟರಲ್ಲಿ ಒಬ್ಬ ಎಡಚ ಇದ್ದಾನೆ. ಅವನು ಸ್ಕೋರ್ ಬರೆಯಲಿ. ಹಳೇ ಬಾಕಿ ಒಂದಿದೆ, ತೀರಿದ ಹಾಗಾಗುತ್ತೆ.

ಹಳೇ ಫೌಜಿ, ಗೌರಿಬಿದನೂರು

ಎರಡು ಗನ್ ಯೋಚನೆಯೂ ಬಿಡಿ. ಮನು ಭಾಕರ್ ಇದ್ದಿದ್ದು ಒಲಿಂಪಿಕ್ಸ್‌ನಲ್ಲಿ. ನಿಮ್ಮದು ಕೆಟ್ಟರೆ ಪಕ್ಕದವನದು ತಗೊಂಡು ಹೊಡೆಯುತ್ತೀರಿ. ಒಂದೇ ಪೆಟ್ಟಿಗೆ, ಒಂದೇ ಕಾಗದ, ಒಂದೇ ಸಲ ವಿವರಣೆ.

ಏರ್‌ಲೈನ್‌ಗೆ ಈಗಲೇ ಫೋನ್ ಮಾಡಿ ಏರ್ ಪಿಸ್ತೂಲ್ ತರುತ್ತೇನೆ ಅಂತ ಹೇಳಿ, ಉತ್ತರ ಮೇಲ್‌ನಲ್ಲಿ ಕೇಳಿ. ಮೂರು ಗಂಟೆ ಮುಂಚೆ ಹೋಗಿ. ಕೌಂಟರ್‌ನಲ್ಲಿ ನೀವೇ ಮೊದಲು ಬಾಯಿ ಬಿಡಬೇಕು. ಅವರು ಎಕ್ಸ್‌ರೇಯಲ್ಲಿ ಕಂಡುಹಿಡಿಯುವ ಹಾಗೆ ಮಾಡಬೇಡಿ. ಬೀಗದ ಕೈ ಜೇಬಿನಲ್ಲಿರಲಿ, ವಾಪಸ್ ಕರೆದು ತೆಗೆಸುತ್ತಾರೆ. ಪೆಲೆಟ್ಟೂ ಪೆಟ್ಟಿಗೆಯಲ್ಲೇ, ಕೈಚೀಲಕ್ಕೆ ಒಂದೂ ಬೇಡ. ಹೋದ ಸಲದ ಜಾಕೆಟ್ ಜೇಬು ತಡಕಿ ನೋಡಿ, ಅಲ್ಲೊಂದು ಇಲ್ಲೊಂದು ಉಳಿದಿರುತ್ತೆ.

ಜನವರಿ 26ರ ಆಸುಪಾಸು ಇಟ್ಟುಕೊಳ್ಳದೆ ಫೆಬ್ರವರಿ ಮಾಡಿದ್ದೀರಲ್ಲ, ಅದೊಂದು ಬುದ್ಧಿವಂತಿಕೆ.

ಶಿಡ್ಲಘಟ್ಟದ ರೀಲರ್

ಬುದ್ಧಿವಂತಿಕೆ ಏನಿಲ್ಲ ಸಾರ್, ಜನವರಿಯಲ್ಲಿ ಒಬ್ಬನ ಮಗಳ ಮದುವೆ ಇತ್ತು.

ಸರಿ, ಪಿಸ್ತೂಲ್ ಗಟ್ಟಿ ಆಯಿತು. ಇವತ್ತು ಮತ್ತೆ ಮೆಷಿನ್ ಮೇಲೆ ಇಟ್ಟೆ. ಪಿಸ್ತೂಲು, ಪೆಟ್ಟಿಗೆ, ಎರಡು ಡಬ್ಬಿ ಪೆಲೆಟ್, ಅಡಾಪ್ಟರ್, ಗಾಳಿ ಬಿಡುವ ಸ್ಕ್ರೂ, ಎಲ್ಲ ಸೇರಿ 3.2 ಕೆಜಿ. ಅಡಾಪ್ಟರ್‌ಗೆ ರೇಷ್ಮೆ ದಾರ ಕಟ್ಟಿ ಪೆಟ್ಟಿಗೆಯ ಹಿಡಿಕೆಗೇ ಗಂಟು ಹಾಕಿದ್ದೇನೆ. ಬಟ್ಟೆ ಒಂದು ನಾಲ್ಕು ಕೆಜಿ ಅಂದುಕೊಳ್ಳಿ. ಇನ್ನೂ 7.8 ಮಿಕ್ಕಿತು.

ದೆಹಲಿಯಲ್ಲಿರುವವನಿಗೆ ಫೋನ್ ಮಾಡಿ ಹೇಳಿದೆ. ರೈಫಲ್ ಬರಲ್ಲ ಅಂದಿದ್ದಕ್ಕೆ ಅಯ್ಯೋ ಅಂದವನು ಎರಡನೇ ಮಾತಿಗೇ, "ಹಾಗಾದರೆ ಹಿತುಕಿದ ಅವರೆಬೇಳೆ ಎಷ್ಟು ತರ್ತೀಯಾ?" ಅಂದ. ಸೀಸನ್ ಮುಗಿಯುತ್ತಾ ಬಂದಿರುತ್ತೆ, ಮೂರು ಕೆಜಿ ಆದರೂ ಸಿಗಬಹುದು. ಹೊಸ ಹುಣಸೆಹಣ್ಣು ಎರಡು ಕೆಜಿ ಅಂತ ಮನೆಯವಳು ಆಗಲೇ ತೆಗೆದಿಟ್ಟಿದ್ದಾಳೆ.

ಹಿತುಕಿದ ಬೇಳೆ ವಿಮಾನದಲ್ಲಿ ಹಳಸದ ಹಾಗೆ ಹೇಗೆ ಕಟ್ಟೋದು, ಯಾರಿಗಾದರೂ ಗೊತ್ತಾ?

12 ಬೋರ್, ಬಂಗಾರಪೇಟೆ

ಒಣ ಬಟ್ಟೆಯಲ್ಲಿ ನೀರು ಒರೆಸಿ, ಹಿಂದಿನ ರಾತ್ರಿ ಫ್ರೀಜರ್‌ಗೆ ಹಾಕಿ. ಬೆಳಿಗ್ಗೆ ಪೇಪರ್ ಸುತ್ತಿ ಶೂ ಜಾಗದಲ್ಲಿ ಇಡಿ, ದೆಹಲಿಗೆ ತಣ್ಣಗೆ ಹೋಗುತ್ತೆ. ಪಿಸ್ತೂಲಿನ ಪೆಟ್ಟಿಗೆಯಲ್ಲಿ ಮಾತ್ರ ಇಡಬೇಡಿ, ತುಕ್ಕು ಹಿಡಿಯುತ್ತೆ. ನಾನು ತುಪಾಕಿಯ ಚೀಲದಲ್ಲಿ ಇಟ್ಟು ಕಲಿತವನು.