ಸಕ್ಕರೆಯಿಂದಲೇ ತಯಾರಾದ ಆಲಿಗೋಸ್ಯಾಕರೈಡ್ ಪುಡಿ ದೇಹಕ್ಕೆ ಸಕ್ಕರೆಯಾಗುವುದಿಲ್ಲವೇಕೆ?

ಪ್ರಶ್ನೆ: ಕಬ್ಬು ಬೆಳೆಗಾರ, ಪಾಂಡವಪುರ

ಎಲ್ಲರಿಗೂ ನಮಸ್ಕಾರ. ನಮ್ಮದು ಮೂರು ತಲೆಮಾರಿನಿಂದ ಕಬ್ಬು ಬೆಳೆಯುತ್ತಿರುವ ಮನೆ. ನನ್ನ ತಂದೆಯವರಿಗೆ ಒಂಬತ್ತು ವರ್ಷಗಳಿಂದ ಸಕ್ಕರೆ ಕಾಯಿಲೆ ಇದೆ. ಸ್ವಂತ ಗದ್ದೆಯ ಕಬ್ಬಿನಿಂದ ಮಾಡಿಸಿದ ಬೆಲ್ಲದ ಅಚ್ಚುಗಳು ಮನೆಯಲ್ಲಿದ್ದರೂ ಅವರು ಮುಟ್ಟುವಂತಿಲ್ಲ. ಕಳೆದ ತಿಂಗಳು ಮೈಸೂರಿಗೆ ಹೋಗಿದ್ದಾಗ ಅಂಗಡಿಯೊಂದರಲ್ಲಿ ‘ಫ್ರಕ್ಟೋ-ಆಲಿಗೋಸ್ಯಾಕರೈಡ್’ ಎಂಬ ಬಿಳಿಯ ಪುಡಿಯ ಡಬ್ಬಿ ಕಣ್ಣಿಗೆ ಬಿತ್ತು. ಕಬ್ಬಿನ ಸಕ್ಕರೆಯಿಂದ ಸೂಕ್ಷ್ಮಾಣು ಕಿಣ್ವದ ನೆರವಿನಿಂದ ತಯಾರಿಸಿದ್ದೆಂದೂ, ರಕ್ತದ ಸಕ್ಕರೆಯನ್ನು ಏರಿಸುವುದಿಲ್ಲವೆಂದೂ, ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳಿಗೆ ಆಹಾರವೆಂದೂ ಅದರ ಮೇಲೆ ಬರೆದಿತ್ತು. ಕೊಂಡು ತಂದೆ.

ನನ್ನ ಸಂಶಯ ಇಷ್ಟೇ. ಸಕ್ಕರೆಯಿಂದಲೇ ಮಾಡಿದ ಪದಾರ್ಥವು, ಅದಕ್ಕೆ ಬೇರೇನನ್ನೂ ಬೆರೆಸದೆ, ಸಕ್ಕರೆಯಲ್ಲದ ಪದಾರ್ಥವಾಗುವುದು ಹೇಗೆ? ನಮಗೆ ಅರಗದಿದ್ದದ್ದು ಬ್ಯಾಕ್ಟೀರಿಯಾಗೆ ಅರಗುವುದೇಕೆ? ಇದನ್ನು ನಮ್ಮ ಬೆಲ್ಲದಿಂದ ಮನೆಯಲ್ಲೇ ಮಾಡಿಕೊಳ್ಳಬಹುದೆ? ಇನ್ನೊಂದು ಮಾತನ್ನೂ ಹೇಳಬೇಕು. ತಂದೆಯವರು ಮೊದಲ ದಿನವೇ ಕಾಫಿ, ಹಾಲು, ಮಜ್ಜಿಗೆ ಎಲ್ಲಕ್ಕೂ ಎರಡೆರಡು ಚಮಚದಂತೆ ಬೆರೆಸಿಕೊಂಡರು. ರಾತ್ರಿಯೆಲ್ಲ ಹೊಟ್ಟೆ ಉಬ್ಬರಿಸಿಕೊಂಡು ನಿದ್ದೆಯಿಲ್ಲದೆ ಕಳೆದರು. ಅಂದಿನಿಂದ ಡಬ್ಬಿ ಮುಚ್ಚಿಟ್ಟಿದ್ದೇವೆ. ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ 1: ನಿವೃತ್ತ ಜೀವರಸಾಯನ ಅಧ್ಯಾಪಕಿ, ಸರಸ್ವತಿಪುರಂ, ಮೈಸೂರು

ನಿಮ್ಮ ಮೊದಲ ಪ್ರಶ್ನೆಯಿಂದಲೇ ತೊಡಗುತ್ತೇನೆ, ಏಕೆಂದರೆ ಉಳಿದೆಲ್ಲ ಉತ್ತರಗಳೂ ಅದರೊಳಗೇ ಇವೆ. ಕಬ್ಬಿನ ಸಕ್ಕರೆ, ಅಂದರೆ ಸುಕ್ರೋಸ್, ಒಂದು ಗ್ಲೂಕೋಸ್ ಮತ್ತು ಒಂದು ಫ್ರಕ್ಟೋಸ್ ಕೈಹಿಡಿದು ನಿಂತ ಜೋಡಿ. ನಮ್ಮ ಸಣ್ಣ ಕರುಳಿನ ಒಳಗೋಡೆಯಲ್ಲಿರುವ ಸುಕ್ರೇಸ್ ಎಂಬ ಕಿಣ್ವವು ಈ ಕೈಗಳನ್ನು ಬಿಡಿಸುತ್ತದೆ; ಬಿಡಿಯಾದ ಗ್ಲೂಕೋಸ್ ರಕ್ತಕ್ಕೆ ಸೇರುತ್ತದೆ. ಈಗ ಆ ಜೋಡಿಯ ಫ್ರಕ್ಟೋಸ್ ತುದಿಗೆ ಇನ್ನೊಂದು ಫ್ರಕ್ಟೋಸ್ ಸೇರಿತೆಂದುಕೊಳ್ಳಿ. ಅದು ಕೆಸ್ಟೋಸ್. ಮತ್ತೊಂದು ಸೇರಿದರೆ ನಿಸ್ಟೋಸ್. ಇಂಥ ಪುಟ್ಟ ಸರಪಳಿಗಳ ಸಮೂಹವೇ ಫ್ರಕ್ಟೋ-ಆಲಿಗೋಸ್ಯಾಕರೈಡ್. ಫ್ರಕ್ಟೋಸಿಗೂ ಫ್ರಕ್ಟೋಸಿಗೂ ನಡುವೆ ಹೊಸದಾಗಿ ಏರ್ಪಟ್ಟ ಕೊಂಡಿಯನ್ನು ಬಿಡಿಸುವ ಕಿಣ್ವ ಮನುಷ್ಯನ ಜೀರ್ಣಾಂಗದಲ್ಲಿ ಇಲ್ಲವೇ ಇಲ್ಲ. ಆದ್ದರಿಂದ ಅದು ಬಹುಪಾಲು ಹಾಗೆಯೇ ಸಣ್ಣ ಕರುಳನ್ನು ದಾಟಿ ದೊಡ್ಡ ಕರುಳಿಗೆ ಹೋಗುತ್ತದೆ. ಇಟ್ಟಿಗೆಗಳು ಅವೇ, ಕಟ್ಟಿದ ಬಗೆ ಮಾತ್ರ ಬೇರೆ.

ಹೀಗೆ ಕಟ್ಟುವ ಕೆಲಸವನ್ನು ಮಾಡುವುದು ಶಿಲೀಂಧ್ರಗಳ ಫ್ರಕ್ಟೊಸಿಲ್ ಟ್ರಾನ್ಸ್‌ಫರೇಸ್ ಎಂಬ ಕಿಣ್ವ. ಆಸ್ಪರ್ಜಿಲಸ್ ನೈಜರ್, ಆಸ್ಪರ್ಜಿಲಸ್ ಒರೈಜೆ, ಆರಿಯೊಬೇಸಿಡಿಯಮ್ ಪುಲುಲಾನ್ಸ್ ಎಂಬ ಶಿಲೀಂಧ್ರಗಳು ಇದಕ್ಕೆ ಹೆಚ್ಚು ಬಳಕೆಯಲ್ಲಿವೆ. ಜಪಾನಿನಲ್ಲಿ 1980ರ ದಶಕದಲ್ಲೇ ಇದು ಕಾರ್ಖಾನೆಯ ಮಟ್ಟಕ್ಕೆ ಬಂದಿತ್ತು. ನಮ್ಮ ಮೈಸೂರಿನ ಚೆಲುವಾಂಬ ಮಹಲಿನಲ್ಲಿ 1950ರಿಂದ ನಡೆಯುತ್ತಿರುವ ಸಿಎಫ್‌ಟಿಆರ್‌ಐ (ಕೇಂದ್ರ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ) ವಿಜ್ಞಾನಿಗಳೂ ಆಸ್ಪರ್ಜಿಲಸ್ ಒರೈಜೆಯ ಕಿಣ್ವದಿಂದ ಸಕ್ಕರೆಯನ್ನು ಹೀಗೆ ಪರಿವರ್ತಿಸುವ ಬಗ್ಗೆ ವಿಸ್ತಾರವಾಗಿ ಸಂಶೋಧನೆ ನಡೆಸಿದ್ದಾರೆ. ಕಬ್ಬಿನ ನಾಡಿನಲ್ಲಿಯೇ ಈ ಕೆಲಸ ನಡೆದದ್ದು ನನಗೆ ಇಂದಿಗೂ ಸಂತೋಷದ ಸಂಗತಿ.

ಈ ಕಿಣ್ವದ ನಡವಳಿಕೆಯಲ್ಲಿ ಸೊಗಸಾದ ಒಂದು ವಿಷಯವಿದೆ. ಅದು ಸುಕ್ರೋಸಿನಿಂದ ಫ್ರಕ್ಟೋಸನ್ನು ಕಿತ್ತು, ಹತ್ತಿರದಲ್ಲಿ ಸಿಕ್ಕಿದವರಿಗೆ ಒಪ್ಪಿಸುತ್ತದೆ. ದ್ರಾವಣ ತೆಳುವಾಗಿದ್ದರೆ ಹತ್ತಿರ ಸಿಗುವುದು ನೀರು. ಆಗ ಫ್ರಕ್ಟೋಸ್ ಬಿಡಿಯಾಗಿಯೇ ಉಳಿದು, ಸಕ್ಕರೆ ಒಡೆದಷ್ಟೇ ಫಲ. ಪಾಕ ಗಟ್ಟಿಯಾಗಿದ್ದು, ನೂರಕ್ಕೆ 50ರಿಂದ 60 ಭಾಗ ಸಕ್ಕರೆಯೇ ಇದ್ದರೆ, ಹತ್ತಿರ ಸಿಗುವುದು ಇನ್ನೊಂದು ಸುಕ್ರೋಸ್. ಆಗ ಸರಪಳಿ ಬೆಳೆಯುತ್ತದೆ. ಅದಕ್ಕಾಗಿಯೇ ಗಟ್ಟಿ ಪಾಕವನ್ನು ಸುಮಾರು 55 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿಟ್ಟು, ಅಲ್ಪ ಹುಳಿಯ ಸ್ಥಿತಿಯಲ್ಲಿ ಕಿಣ್ವವನ್ನು ದುಡಿಸುತ್ತಾರೆ.

ಆದರೆ ಪ್ರತಿಯೊಂದು ಫ್ರಕ್ಟೋಸ್ ಸ್ಥಳಾಂತರವಾದಾಗಲೂ ಹಿಂದೆ ಒಂದು ಗ್ಲೂಕೋಸ್ ಒಂಟಿಯಾಗಿ ಉಳಿಯುತ್ತದೆ. ಈ ಗ್ಲೂಕೋಸ್ ಹೆಚ್ಚಾದಂತೆ ಕಿಣ್ವದ ಕೆಲಸಕ್ಕೇ ತಡೆಯೊಡ್ಡುತ್ತದೆ. ಹೀಗಾಗಿ ಸಾಮಾನ್ಯ ವಿಧಾನದಲ್ಲಿ ಆಲಿಗೋಸ್ಯಾಕರೈಡಿನ ಪ್ರಮಾಣ ನೂರಕ್ಕೆ 55ರಿಂದ 60ರ ಹತ್ತಿರ ನಿಂತುಬಿಡುತ್ತದೆ. ಉಳಿದದ್ದು ಗ್ಲೂಕೋಸ್ ಮತ್ತು ಮಾರ್ಪಡದ ಸಕ್ಕರೆ. ಅವನ್ನು ಬೇರ್ಪಡಿಸಿದ ಮೇಲೆಯೇ ನೂರಕ್ಕೆ 95ರಷ್ಟು ಶುದ್ಧವಾದ ಪುಡಿ ಸಿಗುತ್ತದೆ. ಮಾರುಕಟ್ಟೆಯಲ್ಲಿ ಎರಡೂ ಬಗೆ ಒಂದೇ ಹೆಸರಿನಲ್ಲಿ ಸಿಗುತ್ತವೆ. ತಂದೆಯವರಿಗೆ ಸಕ್ಕರೆ ಕಾಯಿಲೆ ಇರುವುದರಿಂದ ನೀವು ಡಬ್ಬಿಯ ಮುಂಭಾಗದ ಮಾತನ್ನು ಬಿಟ್ಟು, ಹಿಂಭಾಗದ ಸಣ್ಣ ಅಕ್ಷರಗಳಲ್ಲಿ ‘ಒಟ್ಟು ಸಕ್ಕರೆ’ ಎಷ್ಟು ಗ್ರಾಂ ಎಂದಿದೆಯೋ ಅದನ್ನು ಓದಬೇಕು. ಶುದ್ಧವಾದದ್ದರಲ್ಲಿ ಸಿಹಿ ಸಕ್ಕರೆಯ ಮೂರನೆಯ ಒಂದು ಭಾಗದಷ್ಟು. ಶಕ್ತಿ ಗ್ರಾಮಿಗೆ ಸುಮಾರು 2 ಕಿಲೋಕ್ಯಾಲರಿ, ಸಕ್ಕರೆಯ ಅರ್ಧ.

ಮನೆಯಲ್ಲಿ ಮಾಡುವ ಯೋಚನೆಯನ್ನು ದಯವಿಟ್ಟು ಬಿಟ್ಟುಬಿಡಿ. ಬೆಲ್ಲದ ಪಾಕದ ಮೇಲೆ ತಾನಾಗಿ ಬರುವ ಬೂಷ್ಟು ಯಾವ ಜಾತಿಯದೆಂದು ಕಣ್ಣಿನಿಂದ ಹೇಳಲಾಗದು. ಅದೇ ಆಸ್ಪರ್ಜಿಲಸ್ ಕುಲದ ಕೆಲವು ಜಾತಿಗಳು ಯಕೃತ್ತನ್ನು ಕೆಡಿಸುವ ಅಫ್ಲಟಾಕ್ಸಿನ್ ವಿಷವನ್ನು ಉಂಟುಮಾಡುತ್ತವೆ.

ಉತ್ತರ 2: ವೈದ್ಯ, ಮಂಡ್ಯ

ಹೊಟ್ಟೆ ಉಬ್ಬರದ ಬಗ್ಗೆ ಮಾತ್ರ ಹೇಳುತ್ತೇನೆ. ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳು ಈ ಸರಪಳಿಗಳನ್ನು ಹುದುಗಿಸುವಾಗ ಹೈಡ್ರೋಜನ್ ಮತ್ತು ಇಂಗಾಲದ ಡೈಆಕ್ಸೈಡ್ ಅನಿಲಗಳು ಹುಟ್ಟುವುದು ಸಹಜ. ಒಂದೇ ದಿನ ಆರು ಚಮಚದಷ್ಟು ಸೇವಿಸಿದರೆ ಆರೋಗ್ಯವಂತರಿಗೂ ಉಬ್ಬರ, ಕೆಲವೊಮ್ಮೆ ಭೇದಿ ಆಗುತ್ತದೆ. ದಿನಕ್ಕೆ ಅರ್ಧ ಚಮಚದಿಂದ ಆರಂಭಿಸಿ, ವಾರಗಳ ಅಂತರದಲ್ಲಿ ಏರಿಸುವುದು ಕ್ರಮ. ತಂದೆಯವರು ಸಕ್ಕರೆ ಕಾಯಿಲೆಗೆ ಕೊಡುವ ಮೆಟ್‌ಫಾರ್ಮಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ, ಆ ಮಾತ್ರೆಯೂ ಕೆಲವರಲ್ಲಿ ಹೊಟ್ಟೆಯ ತೊಂದರೆ ಕೊಡುವುದರಿಂದ, ಎರಡೂ ಸೇರಿ ಹೆಚ್ಚಾಗಿರಬಹುದು. ಮತ್ತೆ ಆರಂಭಿಸುವ ಮುನ್ನ ಅವರ ವೈದ್ಯರಿಗೆ ಡಬ್ಬಿಯನ್ನೇ ತೋರಿಸಿ. ಯಾವ ಕಾರಣಕ್ಕೂ ಇದನ್ನು ಔಷಧದ ಬದಲಿಗೆ ಕೊಡಬೇಡಿ. ಕರುಳು ಸೂಕ್ಷ್ಮವಾಗಿದ್ದು, ಪದೇಪದೇ ನೋವು, ಭೇದಿಯಿಂದ ನರಳುವ ಐಬಿಎಸ್ ರೋಗಿಗಳಿಗೆ ಈ ಪುಡಿಯನ್ನು ನಾನು ಹೇಳುವುದೇ ಇಲ್ಲ.

ಮರುಪ್ರಶ್ನೆ: ಕಬ್ಬು ಬೆಳೆಗಾರ, ಪಾಂಡವಪುರ

ಇಬ್ಬರಿಗೂ ಹೃತ್ಪೂರ್ವಕ ವಂದನೆಗಳು. ಡಬ್ಬಿಯ ಹಿಂಭಾಗವನ್ನು ಭೂತಗನ್ನಡಿ ಹಿಡಿದು ಓದಿದೆ. ನೂರು ಗ್ರಾಮಿಗೆ ಒಟ್ಟು ಸಕ್ಕರೆ 41 ಗ್ರಾಂ ಎಂದಿದೆ! ಮುಂಭಾಗದಲ್ಲಿ ಇದರ ಸುಳಿವೂ ಇರಲಿಲ್ಲ. ತಂದೆಯವರು ಅದನ್ನು ಒಂದು ದಿನಕ್ಕೇ ನಿಲ್ಲಿಸಿದ್ದು ಒಳ್ಳೆಯದೇ ಆಯಿತು.

ಈಗ ಇನ್ನೆರಡು ಪ್ರಶ್ನೆಗಳು ಹುಟ್ಟಿವೆ. ಅವರೇಕಾಳಿನ ಸಾರು ಉಂಡ ದಿನವೂ ತಂದೆಯವರಿಗೆ ಇದೇ ಬಗೆಯ, ಆದರೆ ಸ್ವಲ್ಪ ಕಡಿಮೆ ಉಬ್ಬರವಾಗುತ್ತದೆ. ಹಾಗಾದರೆ ನಮ್ಮ ಊಟದಲ್ಲೇ ಇಂಥ ಪದಾರ್ಥ ಇದೆಯೆ? ಎರಡನೆಯದಾಗಿ, ನಮ್ಮ ಆಲೆಮನೆಗಳಲ್ಲಿ ಒಲೆಗೆ ಹಾಕಿ ಉರಿಸುವ ಕಬ್ಬಿನ ಸಿಪ್ಪೆಯಿಂದಲೂ ಬ್ಯಾಕ್ಟೀರಿಯಾಗಳಿಗೆ ಆಹಾರ ಮಾಡುತ್ತಾರೆಂದು ಯಾರೋ ಹೇಳಿದರು. ಅದು ನಿಜವೆ?

ಉತ್ತರ 3: ಸೂಕ್ಷ್ಮಜೀವವಿಜ್ಞಾನ ಸಂಶೋಧನಾ ವಿದ್ಯಾರ್ಥಿ, ಮಾನಸಗಂಗೋತ್ರಿ, ಮೈಸೂರು

ಅವರೇಕಾಳಿನ ವಿಷಯದಲ್ಲಿ ನಿಮ್ಮ ಊಹೆ ಸರಿಯಾಗಿದೆ. ಅವರೆ, ಕಡಲೆ, ಅಲಸಂದೆ, ಹುರುಳಿ ಮುಂತಾದ ಕಾಳುಗಳಲ್ಲಿ ರ್‍ಯಾಫಿನೋಸ್, ಸ್ಟ್ಯಾಕಿಯೋಸ್, ವರ್ಬಾಸ್ಕೋಸ್ ಎಂಬ ಸರಪಳಿಗಳಿವೆ. ಇವುಗಳ ಬುಡದಲ್ಲೂ ಇರುವುದು ಅದೇ ಸುಕ್ರೋಸ್ ಜೋಡಿ. ಕಾರ್ಖಾನೆಯಲ್ಲಿ ಶಿಲೀಂಧ್ರದ ಕಿಣ್ವವು ಸುಕ್ರೋಸಿಗೆ ಫ್ರಕ್ಟೋಸನ್ನು ಪೋಣಿಸಿದಂತೆ, ಇಲ್ಲಿ ಗಿಡದ ಕಿಣ್ವವು ಗ್ಯಾಲಕ್ಟೋಸನ್ನು ಪೋಣಿಸಿದೆ. ಆ ಕೊಂಡಿಯನ್ನು ಬಿಡಿಸುವ ಆಲ್ಫಾ-ಗ್ಯಾಲಕ್ಟೋಸಿಡೇಸ್ ನಮ್ಮ ಜೀರ್ಣರಸಗಳಲ್ಲಿ ಇಲ್ಲ. ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳಲ್ಲಿ ಇದೆ. ಕಾಳಿನೊಳಗೂ ಇದೆ, ಏಕೆಂದರೆ ಮೊಳಕೆಯೊಡೆಯುವಾಗ ಸಸಿಗೆ ಆ ಸರಪಳಿಗಳೇ ಬುತ್ತಿ. ಆದುದರಿಂದ ಕಾಳನ್ನು ರಾತ್ರಿ ನೆನೆಸಿ, ಆ ನೀರನ್ನು ಚೆಲ್ಲಿ, ಮೊಳಕೆ ಕಟ್ಟಿ ಬೇಯಿಸಿದರೆ ಉಬ್ಬರ ತಗ್ಗುತ್ತದೆ. ಆದರೆ ಬ್ಯಾಕ್ಟೀರಿಯಾಗಳ ಪಾಲೂ ಅಷ್ಟರಮಟ್ಟಿಗೆ ತಗ್ಗುತ್ತದೆ ಎಂಬುದು ನೆನಪಿರಲಿ.

ಮನುಷ್ಯನ ಜೀನುಗಳಿಂದ ತಯಾರಾಗುವ ಕಿಣ್ವಗಳು ಪಿಷ್ಟ, ಸಕ್ಕರೆ, ಹಾಲಿನ ಲ್ಯಾಕ್ಟೋಸ್ ಮುಂತಾದ ಬೆರಳೆಣಿಕೆಯ ಶರ್ಕರಗಳನ್ನು ಮಾತ್ರ ಒಡೆಯಬಲ್ಲವು. ನಮ್ಮ ಕರುಳಿನಲ್ಲೇ ವಾಸಿಸುವ ಬ್ಯಾಕ್ಟೀರಾಯ್ಡಿಸ್ ಥೀಟಾಯೋಟಾಮೈಕ್ರಾನ್ ಎಂಬ ಒಂದೇ ಒಂದು ಬ್ಯಾಕ್ಟೀರಿಯಾದ ಜೀನೋಮ್ (ಅದರ ಜೀನುಗಳ ಪೂರ್ಣ ಸಮೂಹ) 2003ರಲ್ಲಿ ಪ್ರಕಟವಾದಾಗ, ಶರ್ಕರ ಸರಪಳಿಗಳನ್ನು ಕತ್ತರಿಸುವ ನೂರೈವತ್ತಕ್ಕೂ ಹೆಚ್ಚು ಕಿಣ್ವಗಳ ಜೀನುಗಳು ಅದರಲ್ಲಿ ಕಂಡುಬಂದವು. ಈ ಸಾಮರ್ಥ್ಯ ಊಟದೊಂದಿಗೆ ಬೆಳೆದುಬಂದಿರುವುದಕ್ಕೆ 2010ರಲ್ಲಿ ಪ್ರಕಟವಾದ ಒಂದು ಶೋಧನೆ ಸಾಕ್ಷಿ: ಜಪಾನೀಯರ ಕರುಳಿನ ಬ್ಯಾಕ್ಟೀರಿಯಾ ಒಂದರಲ್ಲಿ, ಕಡಲಪಾಚಿಯ ಪಾರ್ಫಿರಾನ್ ಎಂಬ ಶರ್ಕರವನ್ನು ಕತ್ತರಿಸುವ ಕಿಣ್ವದ ಜೀನು, ಸಮುದ್ರದ ಬ್ಯಾಕ್ಟೀರಿಯಾದಿಂದ ಬಂದು ಸೇರಿಕೊಂಡಿತ್ತು. ತಲೆಮಾರುಗಳಿಂದ ಅವರು ಪಾಚಿಯನ್ನು ತಿನ್ನುತ್ತಾ ಬಂದವರು. ರಾಗಿ ಉಣ್ಣುವ ನಮ್ಮ ಸೀಮೆಯವರ ಕರುಳನ್ನೂ ಅಷ್ಟೇ ಆಳವಾಗಿ ಅಧ್ಯಯನ ಮಾಡಬೇಕೆಂಬುದು ನನ್ನ ಆಸೆ.

ರಾಗಿಯ ಮಾತು ಬಂದದ್ದರಿಂದ ಹೇಳುತ್ತೇನೆ. ರಾಗಿಯ ಹೊರಸಿಪ್ಪೆ ಒಳಗಿನ ಮೆತ್ತನೆಯ ತಿರುಳಿಗೆ ಬಿಗಿಯಾಗಿ ಅಂಟಿರುವುದರಿಂದ ಅದನ್ನು ಅಕ್ಕಿಯಂತೆ ಸುಲಭವಾಗಿ ಪಾಲಿಶ್ ಮಾಡಲಾಗದು; ಸಿಪ್ಪೆಸಮೇತ ಬೀಸಿದ ಹಿಟ್ಟೇ ಮುದ್ದೆಯಾಗುತ್ತದೆ. ಆದ್ದರಿಂದಲೇ ನೂರು ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರಿದ್ದರೆ, ಪಾಲಿಶ್ ಮಾಡಿದ ಅಕ್ಕಿಯಲ್ಲಿ ಇರುವುದು ಸುಮಾರು 3 ಗ್ರಾಂ. ಆ ನಾರಿನಲ್ಲಿರುವ ಅರಾಬಿನೋಜೈಲಾನ್ ಎಂಬ ಕವಲುಕವಲಾದ ಶರ್ಕರಕ್ಕೆ ಫೆರ್ಯುಲಿಕ್ ಆಮ್ಲ ಅಂಟಿಕೊಂಡಿರುತ್ತದೆ. ಅದನ್ನು ಪೂರ್ತಿ ಕಳಚಲು ಒಂದು ಕಿಣ್ವ ಸಾಲದು. ಬೆನ್ನೆಲುಬನ್ನು ಕತ್ತರಿಸಲು ಜೈಲನೇಸ್, ಕವಲನ್ನು ಕೀಳಲು ಇನ್ನೊಂದು, ಫೆರ್ಯುಲಿಕ್ ಆಮ್ಲವನ್ನು ಬಿಡಿಸಲು ಮತ್ತೊಂದು ಬೇಕು. ಒಂದು ಬ್ಯಾಕ್ಟೀರಿಯಾ ಕತ್ತರಿಸಿದ ತುಣುಕನ್ನು ಮತ್ತೊಂದು ತಿನ್ನುತ್ತದೆ.

ಇಲ್ಲಿಯೇ ನನಗೆ ಪುಡಿಯ ಬಗ್ಗೆ ಭಿನ್ನಾಭಿಪ್ರಾಯವಿದೆ. ಪುಡಿಯಿಂದ ಮುಖ್ಯವಾಗಿ ಹೆಚ್ಚುವುದು ಬೈಫಿಡೋಬ್ಯಾಕ್ಟೀರಿಯಾ; ಎದೆಹಾಲುಣ್ಣುವ ಕೂಸುಗಳ ಮಲದಲ್ಲಿ 1899ರಲ್ಲೇ ಗುರುತಿಸಲಾದ, ತಾಯಿಯ ಹಾಲಿನ ಆಲಿಗೋಸ್ಯಾಕರೈಡುಗಳನ್ನು ಉಂಡು ಬೆಳೆಯುವ ಬ್ಯಾಕ್ಟೀರಿಯಾ ಅದು. ಅದು ಉಪಕಾರಿಯೆಂಬುದು ನಿಜವಾದರೂ, ಅದರಿಂದ ನೇರವಾಗಿ ಸಿಗುವುದು ಅಸಿಟೇಟ್ ಮತ್ತು ಲ್ಯಾಕ್ಟೇಟ್ ಎಂಬ ಆಮ್ಲಗಳು. ದೊಡ್ಡ ಕರುಳಿನ ಒಳಪದರದ ಕೋಶಗಳಿಗೆ ಮುಖ್ಯ ಇಂಧನವಾದ ಬ್ಯುಟಿರೇಟನ್ನು ಅದು ತಯಾರಿಸುವುದಿಲ್ಲ. ಫೀಕ್ಯಾಲಿಬ್ಯಾಕ್ಟೀರಿಯಮ್, ರೋಸ್‌ಬುರಿಯಾ ಮುಂತಾದ ಬೇರೆ ಬ್ಯಾಕ್ಟೀರಿಯಾಗಳು ತಯಾರಿಸುತ್ತವೆ. ಅವೆಲ್ಲ ಕರುಳಿನಲ್ಲಿ ನೆಲೆ ನಿಲ್ಲಬೇಕಾದರೆ ಬಗೆಬಗೆಯ ಶರ್ಕರಗಳು ಬೇಕು: ಮುದ್ದೆಯ ನಾರು, ಕಾಳಿನ ರ್‍ಯಾಫಿನೋಸ್, ಈರುಳ್ಳಿ ಬೆಳ್ಳುಳ್ಳಿಯ ಫ್ರಕ್ಟಾನ್ (ಫ್ರಕ್ಟೋಸ್ ಸರಪಳಿ), ಬಾಳೆಕಾಯಿಯ ಅರಗದ ಪಿಷ್ಟ. ಒಂದೇ ಗೊಬ್ಬರ ಸುರಿದರೆ ಗದ್ದೆ ಏನಾಗುತ್ತದೆಂದು ನಾನು ನಿಮಗೆ ಹೇಳಬೇಕಿಲ್ಲ. ಹಾಗೆಂದು ಮುದ್ದೆಯನ್ನು ಎಷ್ಟಾದರೂ ಉಣ್ಣಬಹುದೆಂದಲ್ಲ. ಅದರಲ್ಲಿ ಪಿಷ್ಟವೂ ಧಾರಾಳವಾಗಿದೆ, ತಂದೆಯವರು ಗಾತ್ರ ನೋಡಿಕೊಂಡೇ ಉಣ್ಣಬೇಕು.

ಉತ್ತರ 4: ನಿವೃತ್ತ ಜೀವರಸಾಯನ ಅಧ್ಯಾಪಕಿ, ಸರಸ್ವತಿಪುರಂ, ಮೈಸೂರು

ವಿದ್ಯಾರ್ಥಿ ಮಿತ್ರರ ಮಾತನ್ನು ಒಪ್ಪುತ್ತೇನೆ. ಒಂದು ತಿದ್ದುಪಡಿ ಮಾತ್ರ. ಬೈಫಿಡೋಬ್ಯಾಕ್ಟೀರಿಯಾ ಬಿಟ್ಟುಕೊಟ್ಟ ಅಸಿಟೇಟ್ ಮತ್ತು ಲ್ಯಾಕ್ಟೇಟನ್ನೇ ಬಳಸಿಕೊಂಡು ಬ್ಯುಟಿರೇಟ್ ತಯಾರಿಸುವ ಬ್ಯಾಕ್ಟೀರಿಯಾಗಳೂ ಇವೆ. ಆದ್ದರಿಂದ ಶುದ್ಧವಾದ ಪುಡಿಯನ್ನು ಮಿತವಾಗಿ ಸೇವಿಸುವುದರಿಂದ ಆ ದಾರಿಯಲ್ಲಿಯೂ ಪ್ರಯೋಜನ ಸಾಧ್ಯ. ಏನನ್ನೂ ಸರಿಯಾಗಿ ಅಗಿಯಲಾಗದ ವೃದ್ಧರಿಗೆ ನಾನು ಅದನ್ನು ಬೇಡವೆನ್ನಲಾರೆ.

ಕಬ್ಬಿನ ಸಿಪ್ಪೆಯ ವಿಷಯ ನಿಜ. ಅದರ ಒಣತೂಕದಲ್ಲಿ ಕಾಲುಭಾಗದಷ್ಟು ಹೆಮಿಸೆಲ್ಯುಲೋಸ್ ಎಂಬ ನಾರಿನ ಪದಾರ್ಥ ಇದೆ. ಅದರ ಬಹುಪಾಲು ಜೈಲಾನ್, ಅಂದರೆ ಜೈಲೋಸ್ ಎಂಬ ಶರ್ಕರದ ಉದ್ದ ಸರಪಳಿ. ಶಿಲೀಂಧ್ರಗಳಿಂದ ಪಡೆದ ಜೈಲನೇಸ್ ಕಿಣ್ವವು ಅದನ್ನು ಎರಡು ಮೂರು ಜೈಲೋಸುಗಳ ತುಣುಕುಗಳಾಗಿ ಕತ್ತರಿಸಿದರೆ ಸಿಗುವುದೇ ಜೈಲೋ-ಆಲಿಗೋಸ್ಯಾಕರೈಡ್. ಬೈಫಿಡೋಬ್ಯಾಕ್ಟೀರಿಯಾದ ಹಲವು ಜಾತಿಗಳು ಅದನ್ನು ಬಳಸಿಕೊಳ್ಳುತ್ತವೆ, ಫ್ರಕ್ಟೋಸ್ ಸರಪಳಿಗಳಿಗಿಂತ ಅದು ಹುಳಿಯನ್ನೂ ಬಿಸಿಯನ್ನೂ ಚೆನ್ನಾಗಿ ತಾಳಿಕೊಳ್ಳುತ್ತದೆ, ಕಡಿಮೆ ಪ್ರಮಾಣದಲ್ಲೇ ಪರಿಣಾಮ ಕಾಣುತ್ತದೆ. ಮುಖ್ಯವಾಗಿ, ಅದಕ್ಕೆ ಸಕ್ಕರೆ ಬೇಕಿಲ್ಲ. ಸಕ್ಕರೆ ಹಿಂಡಿದ ಮೇಲೆ ಉಳಿದದ್ದು ಸಾಕು.

ತೊಡಕು ಲಿಗ್ನಿನ್‌ನದು. ಸಿಪ್ಪೆಯನ್ನು ಗಟ್ಟಿಯಾಗಿಸುವ ಈ ಪದಾರ್ಥವು ಜೈಲಾನನ್ನು ಅಪ್ಪಿಕೊಂಡಿರುವುದರಿಂದ ಕಿಣ್ವಕ್ಕೆ ದಾರಿ ಸಿಗುವುದಿಲ್ಲ. ಮೊದಲು ಕ್ಷಾರದಲ್ಲಿ ಅಥವಾ ಒತ್ತಡದ ಹಬೆಯಲ್ಲಿ ಅದನ್ನು ಸಡಿಲಿಸಬೇಕು, ಅನಂತರ ಕಿಣ್ವವನ್ನು ಬಿಡಬೇಕು, ಕೊನೆಗೆ ತುಣುಕುಗಳನ್ನು ಶುದ್ಧಗೊಳಿಸಬೇಕು. ಖರ್ಚೆಲ್ಲ ಮೊದಲ ಮತ್ತು ಕೊನೆಯ ಹಂತದಲ್ಲೇ. ಆಲೆಮನೆಯ ಸಿಪ್ಪೆ ಪಾಕದ ಒಲೆಗೇ ಬೇಕಾಗುವುದರಿಂದ ಅಲ್ಲಿ ಇದು ನಡೆಯದು. ವಿದ್ಯುತ್ತಿಗಾಗಿ ಸಿಪ್ಪೆಯನ್ನು ಉರಿಸುವ ದೊಡ್ಡ ಸಕ್ಕರೆ ಕಾರ್ಖಾನೆಯು ಅದರಲ್ಲಿ ಒಂದು ಪಾಲನ್ನು ಬೇರೆ ತೆಗೆದಿಟ್ಟರೆ ನಡೆದೀತು. ನಿಮ್ಮ ಕಡೆಯ ಬೆಳೆಗಾರರ ಸಂಘದ ಸಭೆಯಲ್ಲಿ ಈ ಪ್ರಶ್ನೆಯನ್ನು ಎತ್ತುವಿರಾದರೆ, ತಾಂತ್ರಿಕ ವಿವರಗಳನ್ನು ಕನ್ನಡದಲ್ಲಿ ಬರೆದುಕೊಡಲು ನಾನು ಸಿದ್ಧಳಿದ್ದೇನೆ.