ಕ್ರಾಸ್ ಬದಲಾಯಿಸಿದ ಮೇಲೆ 50 ದಾಟಿದ್ರೆ ನಡುಕ: ಪ್ರೊಪೆಲ್ಲರ್ ಶಾಫ್ಟ್ ಮನೆಯಲ್ಲೇ ನೋಡಬಹುದಾ?

ಹೊಸನಗರ ಪಿಕಪ್:
ಎಲ್ಲರಿಗೂ ನಮಸ್ಕಾರ. ನಮ್ಮದು ಡೀಸೆಲ್ ಪಿಕಪ್. ಅಡಿಕೆ, ಗೊಬ್ಬರ, ಹುಲ್ಲು ಎಲ್ಲಾ ಅದರಲ್ಲೇ. ಪ್ರೊಪೆಲ್ಲರ್ ಶಾಫ್ಟ್ (ಗೇರ್‌ಬಾಕ್ಸಿನಿಂದ ಹಿಂದಿನ ಆಕ್ಸಲಿಗೆ ತಿರುಗುವ ಬಲ ಒಯ್ಯುವ ಕೊಳವೆ) ಎರಡು ತುಂಡಿನದು, ನಡುವೆ ಸೆಂಟರ್ ಬೇರಿಂಗ್ ಇದೆ. ಮಳೆಗಾಲ ಮುಗಿಯುವ ಹೊತ್ತಿಗೆ ನಿಂತ ಗಾಡಿ ಹೊರಡಿಸುವಾಗ 'ಟಕ್' ಅಂತ ಶಬ್ದ ಶುರುವಾಯ್ತು. ರಿವರ್ಸ್ ಹಾಕಿದ್ರೂ ಅದೇ. ಪೇಟೆಯ ಒಂದು ವರ್ಕ್‌ಶಾಪಿನಲ್ಲಿ ಹಿಂದಿನ ಶಾಫ್ಟ್ ಇಳಿಸಿ ಎರಡೂ ಕ್ರಾಸ್ (ಶಾಫ್ಟಿನ ತುದಿಯಲ್ಲಿ ಓರೆಯಾಗಿಯೂ ತಿರುಗಲು ಬಿಡುವ ಕೂಡುಗೀಲು) ಬದಲಾಯಿಸಿದರು. ಶಬ್ದ ಹೋಯ್ತು, ನಡುಕ ಬಂತು! 50 ದಾಟಿದ ಕೂಡಲೇ ಶುರು. 70ರ ಹತ್ತಿರ ಕನ್ನಡಿಯಲ್ಲಿ ಹಿಂದಿನ ಗಾಡಿ ಎರಡೆರಡಾಗಿ ಕಾಣುತ್ತೆ. ಟೈರ್ ಬ್ಯಾಲೆನ್ಸ್ ಮಾಡಿಸಿ ಅಂದರು, ಮಾಡಿಸಿದ್ದಾಯ್ತು, ಏನೂ ವ್ಯತ್ಯಾಸ ಇಲ್ಲ. ಶಿವಮೊಗ್ಗದ ಆಟೋ ಕಾಂಪ್ಲೆಕ್ಸಿಗೆ ಒಯ್ದರೆ ಒಂದು ದಿನ ಪೂರ್ತಿ ಹೋಗುತ್ತೆ. ಮೊದಲು ಮನೆಯಲ್ಲೇ ಒಮ್ಮೆ ನೋಡೋಣ ಅಂತ. ಸ್ಪ್ಯಾನರ್ ಸೆಟ್, ಜಾಕ್, ಗ್ರೀಸ್ ಗನ್ ಇದೆ.

ಹಳೇ ಫಿಟ್ಟರ್:
ನಡುಕ ಸ್ಟೇರಿಂಗಿನಲ್ಲೋ, ಕಾಲಡಿಯಲ್ಲೋ? ಅದೇ ಸ್ಪೀಡಿನಲ್ಲಿ ಒಂದು ಗೇರ್ ಇಳಿಸಿದ್ರೆ ಬದಲಾಗುತ್ತಾ? ಈಚೆಗೆ ಹಿಂದೆ ಕಮಾನು ಪಟ್ಟಿ ಏನಾದ್ರೂ ಜಾಸ್ತಿ ಹಾಕಿಸಿದ್ರಾ?

ಹೊಸನಗರ ಪಿಕಪ್:
ಕಾಲಡಿಯಲ್ಲಿ ಮತ್ತು ಸೀಟಿನಲ್ಲಿ. ಸ್ಟೇರಿಂಗ್ ಸುಮ್ನೆ ಇದೆ. ರಿಪ್ಪನ್‌ಪೇಟೆ ಕಡೆ ರಸ್ತೆ ನೇರ ಇರುವಲ್ಲಿ 60ಕ್ಕೆ ಗೇರ್ ಇಳಿಸಿ ನೋಡಿದೆ. ಎಂಜಿನ್ ಶಬ್ದ ಏರಿತು, ನಡುಕ ಮಾತ್ರ ಹಾಗೇ. ಪಟ್ಟಿ ಹಾಕಿಸಿಲ್ಲ ಸಾರ್.

ಹಳೇ ಫಿಟ್ಟರ್:
ಹಾಗಾದ್ರೆ ಟೈರ್ ಬಿಡಿ, ಎಂಜಿನ್ನೂ ಬಿಡಿ. ಎಂಜಿನ್ ವೇಗ ಬದಲಾದ್ರೂ ನಡುಕ ಬದಲಾಗಿಲ್ಲ ಅಂದ್ರೆ ದೋಷ ಗೇರ್‌ಬಾಕ್ಸಿನಿಂದ ಹಿಂದೆ ಇದೆ. ನಿಮ್ಮ ಥರದ ಗಾಡಿಯಲ್ಲಿ ಚಕ್ರ ಒಂದು ಸುತ್ತು ಬರುವಷ್ಟರಲ್ಲಿ ಶಾಫ್ಟ್ ಹತ್ತಿರ ಹತ್ತಿರ ನಾಲ್ಕು ಸುತ್ತು ಹಾಕಿರುತ್ತೆ. 60ರಲ್ಲಿ ಅದು ನಿಮಿಷಕ್ಕೆ ಸುಮಾರು 2,000 ಸುತ್ತು. ಅದಕ್ಕೇ ಟೈರಿನದು ಕುಲುಕಾಟ, ಶಾಫ್ಟಿನದು ಜುಂ ಅಂತ ಕಾಲಿಗೆ ಹತ್ತುವ ನಡುಕ.

ಗಾಡಿ ಅಡಿಗೆ ಹೋಗುವ ಮೊದಲು ಜಾಗ ನೋಡಿ. ನಮ್ಮ ಕಡೆ ಮನೆ ಮುಂದೆ ಸಮತಟ್ಟು ಜಾಗ ಅಂದ್ರೆ ಅಡಿಕೆ ಒಣಗಿಸುವ ಅಂಗಳ ಒಂದೇ. ಅಲ್ಲೇ ಮಾಡಿ, ಕೆಳಗೆ ಹಳೇ ತಾಡಪಾಲು ಹಾಸಿ. ಅಂಗಳಕ್ಕೆ ಗ್ರೀಸ್ ಬಿದ್ರೆ ಮನೆಯವರು ಸುಮ್ನೆ ಬಿಡಲ್ಲ. ಶಾಫ್ಟ್ ತಿರುಗಿಸಿ ನೋಡಬೇಕು ಅಂದ್ರೆ ಗಾಡಿ ನ್ಯೂಟ್ರಲ್‌ನಲ್ಲಿ ಇರಬೇಕು, ಹಿಂದಿನ ಚಕ್ರ ಎರಡೂ ಎತ್ತಿರಬೇಕು. ಆಗ ಗಾಡಿ ನಿಂತಿರುವುದು ಮುಂದಿನ ಗಾಲಿಗಳ ಮೇಲೆ ಮಾತ್ರ. ಅವಕ್ಕೆ ಹಿಂದೆ ಮುಂದೆ ಎರಡೂ ಕಡೆ ಮರದ ತುಂಡು ಗಟ್ಟಿಯಾಗಿ ಕೊಡಿ. ಹಿಂದಿನ ಆಕ್ಸಲ್ ಸ್ಟ್ಯಾಂಡ್ ಮೇಲೆ ಕೂರಬೇಕು, ಬರೀ ಜಾಕ್ ನಂಬಬೇಡಿ. ಸ್ಟ್ಯಾಂಡ್ ಇಲ್ಲ ಅಂತ ಜಂಬಿಟ್ಟಿಗೆ ಕಲ್ಲು ಪೇರಿಸುವವರನ್ನು ನೋಡಿದ್ದೇನೆ. ಆ ಕಲ್ಲು ಗೋಡೆಗೆ ಸರಿ. ಒಂದೇ ಮೂಲೆಗೆ ಭಾರ ಬಿದ್ರೆ ಹೇಳದೆ ಕೇಳದೆ ಒಡೆಯುತ್ತೆ. ಸ್ಟ್ಯಾಂಡ್ ಯಾರ ಹತ್ತಿರನಾದ್ರೂ ಇಸ್ಕೊಳ್ಳಿ. ಎಂಜಿನ್ ಚಾಲೂ ಮಾಡಿ ಅಡಿಗೆ ಇಣುಕೋದು ಬೇಡವೇ ಬೇಡ.

ಮೊದಲು ಕೆಸರು ಕೆರೆದು ತೆಗೆಯಿರಿ. ಒಣಗಿದ ಕೆಮ್ಮಣ್ಣು ಕೊಳವೆಯ ಒಂದೇ ಬದಿಗೆ ಹತ್ತಿದ್ರೂ ಸಾಕು, ಬ್ಯಾಲೆನ್ಸ್ ಕೆಡುತ್ತೆ. ಹಿಂದೆ ಪಿನಿಯನ್ ಫ್ಲ್ಯಾಂಜ್ (ಶಾಫ್ಟನ್ನು ಆಕ್ಸಲಿಗೆ ಬೋಲ್ಟ್ ಮಾಡುವ ತಟ್ಟೆ) ಹತ್ತಿರ ಗೊಬ್ಬರದ ಚೀಲದ ಪ್ಲಾಸ್ಟಿಕ್ ದಾರ ಸುತ್ತಿದೆಯಾ ನೋಡಿ. ಅದು ಆಯಿಲ್ ಸೀಲನ್ನೇ ಕೊಯ್ದುಬಿಡುತ್ತೆ. ಕೊಳವೆ ಎಲ್ಲಾದ್ರೂ ತಗ್ಗಾಗಿದೆಯಾ ಅಂತ ಕೈಯಾಡಿಸಿ. ಬ್ಯಾಲೆನ್ಸಿಗೆ ಅಂತ ಬೆಸೆದ ಚಿಕ್ಕ ಕಬ್ಬಿಣದ ಬಿಲ್ಲೆ ಉದುರಿದ್ರೆ ಅಲ್ಲಿ ಬೆಸುಗೆಯ ಗುರುತು ಮಾತ್ರ ಉಳಿದಿರುತ್ತೆ.

ಆಮೇಲೆ ಕ್ರಾಸ್. ಒಂದು ಕೈಯಲ್ಲಿ ಶಾಫ್ಟ್, ಇನ್ನೊಂದರಲ್ಲಿ ಫ್ಲ್ಯಾಂಜ್ ಹಿಡಿದು ವಿರುದ್ಧ ದಿಕ್ಕಿಗೆ ತಿರುಚಿ, ಮೇಲೆ ಕೆಳಗೆ ಅಲ್ಲಾಡಿಸಿ. ಕ್ರಾಸಿನಲ್ಲಿ ಚೂರೂ ಆಟ ಇರಬಾರದು. ಶಾಫ್ಟ್ ಮತ್ತು ಫ್ಲ್ಯಾಂಜ್ ಎರಡೂ ಒಟ್ಟಿಗೆ ಸ್ವಲ್ಪ ತಿರುಗಿದ್ರೆ ಅದು ಆಕ್ಸಲಿನ ಒಳಗಿನ ಕ್ರೌನ್ ಪಿನಿಯನ್ ಗೇರಿನ ಹಲ್ಲುಗಳ ನಡುವಿನ ಸಂದು. ಸ್ವಲ್ಪ ಇರಲೇಬೇಕು, ಹೆದರಬೇಡಿ. ಕ್ರಾಸಿನ ನಾಲ್ಕು ತುದಿಗೆ ಟೋಪಿ ಥರ ಕೂರುವುದು ಕಪ್. ಅದು ಹೊರಗೆ ಜಾರದಂತೆ ಹಿಡಿಯುವ ಸರ್ಕ್ಲಿಪ್ ಎಲ್ಲವೂ ತಮ್ಮ ತಮ್ಮ ತೋಡಿನಲ್ಲಿ ಪೂರ್ತಿ ಕೂತಿರಬೇಕು. ಹೊಸ ಕ್ರಾಸ್ ಕೂರಿಸುವಾಗ ಕಪ್ಪಿನೊಳಗೆ ಸೂಜಿಯಷ್ಟು ಸಣ್ಣ ರೋಲರ್ ಒಂದು ಅಡ್ಡ ಬಿದ್ರೆ ಕಪ್ ಪೂರ್ತಿ ಒಳಗೆ ಹೋಗಲ್ಲ, ಸರ್ಕ್ಲಿಪ್ ಕೂರಲ್ಲ. ಅದನ್ನು ಹಾಗೇ ಗುದ್ದಿ ಕೂರಿಸಿದವರೂ ಇದ್ದಾರೆ.

ನನಗೆ ಅನುಮಾನ ಇರುವುದು ಇದ್ಯಾವುದರ ಮೇಲೂ ಅಲ್ಲ. ಹಿಂದಿನ ಶಾಫ್ಟಿನ ಮುಂಭಾಗದಲ್ಲಿ ಸ್ಪ್ಲೈನ್ ಇದೆ, ಉದ್ದ ಗಿಡ್ಡ ಆಗಲಿ ಅಂತ ಒಂದರೊಳಗೊಂದು ಜಾರುವ ಹಲ್ಲುಗಳಿರುವ ಜಾಗ. ಇಳಿಸುವಾಗ ಅದು ಬಿಚ್ಚಿ ಬಂದಿರುತ್ತೆ. ಗುರುತು ಮಾಡದೆ ವಾಪಸ್ ತೂರಿಸಿದ್ರೆ ಎರಡು ತುದಿಯ ಯೋಕ್, ಅಂದ್ರೆ ಕ್ರಾಸ್ ಹಿಡಿಯುವ ಕವಲು, ಒಂದೇ ಸಾಲಿನಲ್ಲಿ ನಿಲ್ಲಲ್ಲ. ಕ್ರಾಸ್ ಓರೆಯಲ್ಲಿ ತಿರುಗುವಾಗ ಆಚೆ ಬದಿಯ ಶಾಫ್ಟ್ ಪ್ರತಿ ಸುತ್ತಿಗೆ ಎರಡು ಸಲ ವೇಗ ಹೆಚ್ಚಿಸಿ ಎರಡು ಸಲ ತಗ್ಗಿಸುತ್ತೆ. ಒಂದು ತುದಿಯ ಏರುಪೇರನ್ನು ಇನ್ನೊಂದು ತುದಿ ಹೊಡೆದು ಹಾಕಬೇಕು. ಸಾಲು ತಪ್ಪಿದ್ರೆ ಆ ಲೆಕ್ಕ ತಪ್ಪಿತು. ಸ್ಪ್ಲೈನಿನ ಎರಡೂ ಬದಿಗೆ ಬಾಣದ ಗುರುತು ಇರುತ್ತೆ, ಉಜ್ಜಿ ನೋಡಿ. ಬಾಣ ಸಿಗದಿದ್ರೆ ಗಾಡಿಯ ಸರ್ವಿಸ್ ಪುಸ್ತಕ ನೋಡಿಯೇ ಮುಂದುವರಿಯಿರಿ. ಕೆಲವು ಗಾಡಿಗಳಲ್ಲಿ ಬೇಕಂತಲೇ ಕೋನ ಬಿಟ್ಟಿರುತ್ತಾರೆ.

ಘಟ್ಟದ ಚಾಲಕ:
ಅಷ್ಟೆಲ್ಲಾ ಯಾಕೆ ಮಾರಾಯ್ರೇ. ಶಾಫ್ಟಿಗೆ ಎರಡು ಹೋಸ್ ಕ್ಲಾಂಪ್ ಕಟ್ಟಿ, ಸ್ಕ್ರೂ ಇರುವ ಬದಿ ಆಚೀಚೆ ಸರಿಸ್ತಾ ಓಡಿಸಿ ನೋಡೋದು. ನಡುಕ ಕಮ್ಮಿ ಆದಲ್ಲಿ ಬಿಗಿ ಮಾಡೋದು. ಲಾರಿ ಹುಡುಗರೆಲ್ಲಾ ಇದನ್ನೇ ಮಾಡ್ತಾರೆ.

ಹಳೇ ಫಿಟ್ಟರ್:
ತೂಕದ ದೋಷ ಆಗಿದ್ರೆ ಸರಿ, ಅಣ್ಣ. ಸಾಲು ತಪ್ಪಿದ್ದಕ್ಕೆ ಕ್ಲಾಂಪ್ ಕಟ್ಟಿದ್ರೆ ಯಾವುದೋ ಒಂದು ಸ್ಪೀಡಿನಲ್ಲಿ ನಡುಕ ಮುಚ್ಚಿಹೋಗುತ್ತೆ, ಅಷ್ಟೇ. ಒಳಗೆ ಕ್ರಾಸು, ಸೆಂಟರ್ ಬೇರಿಂಗು, ಪಿನಿಯನ್ ಬೇರಿಂಗು ಪೆಟ್ಟು ತಿನ್ನುತ್ತಲೇ ಇರುತ್ತವೆ. ನೀವು ಆಗುಂಬೆಯ 14 ತಿರುವು ಇಳಿಯೋರು, ಅಡಿಯಲ್ಲಿ ಶಾಫ್ಟ್ ಕಳಚಿ ಬಿದ್ರೆ ಏನಾಗುತ್ತೆ ಅಂತ ನಾನು ಹೇಳಬೇಕಾ?

ಘಟ್ಟದ ಚಾಲಕ:
ಅದು ಹೌದು. ಮೊದಲು ಬಾಣ ನೋಡಲಿ ಬಿಡಿ.

ಹೊಸನಗರ ಪಿಕಪ್:
ನೋಡಿದೆ! ಬಾಣ ಇತ್ತು, ಗ್ರೀಸ್ ಮತ್ತು ಮಣ್ಣು ಸೇರಿ ಬೆಲ್ಲದ ಪಾಕದ ಹಾಗೆ ಗಟ್ಟಿಯಾಗಿತ್ತು. ಡೀಸೆಲ್ ಹಾಕಿ ವೈರ್ ಬ್ರಶ್‌ನಲ್ಲಿ ಉಜ್ಜಿದ ಮೇಲೆ ಕಂಡಿತು. ಎರಡು ಬಾಣದ ನಡುವೆ ಎರಡು ಹಲ್ಲಿನ ಅಂತರ. ಚೀಲದ ದಾರವೂ ಸಿಕ್ಕಿತು, ಸೀಲಿಗೆ ಇನ್ನೂ ತಾಗಿರಲಿಲ್ಲ. ಈಗ ಬಿಚ್ಚುವ ಕ್ರಮ ಹೇಳಿ ಸಾರ್.

ಹಳೇ ಫಿಟ್ಟರ್:
ಸಿಕ್ಕಿತಲ್ಲ! ಹಿಂದಿನ ಫ್ಲ್ಯಾಂಜ್ ಎರಡು ಯಾವ ರಂಧ್ರಕ್ಕೆ ಯಾವುದು ಕೂತಿದೆ ಅಂತ ಬಿಳಿ ಪೇಂಟಿನಲ್ಲಿ ಗೆರೆ ಎಳೆಯಿರಿ. ಬೋಲ್ಟ್ ತೆಗೆಯುವ ಮೊದಲು ಶಾಫ್ಟನ್ನು ಹಗ್ಗದಲ್ಲಿ ಚಾಸಿಗೆ ಕಟ್ಟಿ. ನೋಡೋಕೆ ಬರೀ ಕೊಳವೆ, ಮುಖದ ಮೇಲೆ ಬಿದ್ದಾಗ ತೂಕ ಗೊತ್ತಾಗುತ್ತೆ. ಇನ್ನೊಂದು ಮುಖ್ಯ. ಶಾಫ್ಟ್ ಬಿಚ್ಚಿದ ಮೇಲೆ ಗೇರ್ ಹಾಕಿಟ್ಟರೂ ಗಾಡಿ ನಿಲ್ಲಲ್ಲ. ಕೆಲವು ಗಾಡಿಗಳಲ್ಲಿ ಹ್ಯಾಂಡ್‌ಬ್ರೇಕ್ ಗೇರ್‌ಬಾಕ್ಸ್ ಬೆನ್ನಿಗೇ ಇರುತ್ತೆ, ಅದೂ ಕೆಲಸಕ್ಕೆ ಬರಲ್ಲ. ಗಾಲಿಗೆ ಕೊಟ್ಟ ಮರದ ತುಂಡು ಅಲ್ಲಾಡಬಾರದು.

ಸ್ಪ್ಲೈನ್ ಎಳೆದು, ಒರೆಸಿ, ಗ್ರೀಸ್ ಸವರಿ, ಬಾಣಕ್ಕೆ ಬಾಣ ಕೂರಿಸಿ. ಬೋಲ್ಟಿಗೆ ಅಂಗಡಿಯಲ್ಲಿ ಕೈಗೆ ಸಿಕ್ಕಿದ್ದು ಹಾಕಬೇಡಿ. ಹಳೆಯದರ ತಲೆಯ ಮೇಲೆ ಗಟ್ಟಿತನದ ದರ್ಜೆ 8.8 ಅಂತಲೋ 10.9 ಅಂತಲೋ ಬರೆದಿರುತ್ತೆ, ಅದೇ ಬೇಕು. ಲಾಕ್ ನಟ್ ಹೊಸದು ಹಾಕಿ. ಸರ್ವಿಸ್ ಪುಸ್ತಕದಲ್ಲಿ ಹೇಳಿದಷ್ಟೇ ಬಿಗಿ, ಟಾರ್ಕ್ ರೆಂಚ್‌ನಲ್ಲಿ. ಸ್ವಲ್ಪ ಓಡಿಸಿ ಮತ್ತೊಮ್ಮೆ ಬಿಗಿ ನೋಡಿ. ಅಡಿಯಲ್ಲಿ ಇದ್ದಾಗಲೇ ಸೆಂಟರ್ ಬೇರಿಂಗ್ ರಬ್ಬರ್ ಬಿರುಕು ಬಿಟ್ಟಿದೆಯಾ ಅಂತ ಟಾರ್ಚ್ ಹಾಕಿ ನೋಡಿ.

ಹೊಸನಗರ ಪಿಕಪ್:
ಕೂರಿಸಿ ಓಡಿಸಿದೆ. 60, 70 ಎರಡರಲ್ಲೂ ಕನ್ನಡಿ ಸ್ತಬ್ಧ. ಆದರೆ ಲೋಡ್ ಹಾಕಿ ಏರಿನಲ್ಲಿ ಗಾಡಿ ಹೊರಡಿಸಿದ ಕೂಡಲೇ ಒಂದು ಸಣ್ಣ ಅದುರು, ಆಮೇಲೆ ಇಲ್ಲ. ಸೆಂಟರ್ ಬೇರಿಂಗ್ ರಬ್ಬರ್ ಒಂದು ಬದಿ ಅರ್ಧ ಹರಿದಿದೆ.

ಹಳೇ ಫಿಟ್ಟರ್:
ಅದುರಿಗೆ ಆ ರಬ್ಬರೇ ಕಾರಣ. ಲೋಡಿನಲ್ಲಿ ಎಳೆಯುವಾಗ ಶಾಫ್ಟ್ ನಡು ಎದ್ದು ಕೂರುತ್ತೆ. ಬೇರಿಂಗ್ ಸಮೇತ ಹಾಕಿಸಿ. ಅದಕ್ಕೆ ಪ್ರೆಸ್ ಬೇಕು, ಮನೆಯಲ್ಲಿ ಸುತ್ತಿಗೆಯಲ್ಲಿ ಬಡಿಯಬೇಡಿ. ಈ ಸಲ ಇಳಿಸುವ ಮೊದಲು ನೀವೇ ಪೇಂಟ್ ಗೆರೆ ಎಳೆದು ಕೊಡಿ.

ಕೋಣಂದೂರು:
ನಡುವೆ ಬಂದೆ, ಕ್ಷಮಿಸಿ. ಕ್ರಾಸಿಗೆ ಗ್ರೀಸ್ ಎಷ್ಟು ಹಾಕೋದು? ನಾನು ಒಂದೆರಡು ಸಲ ಒತ್ತಿ ಬಿಡ್ತೇನೆ.

ಹಳೇ ಫಿಟ್ಟರ್:
ಸಾಲದು. ಲಿಥಿಯಂ ಇಪಿ 2 ಗ್ರೀಸ್ ತಗೊಳ್ಳಿ, ನಿಪ್ಪಲ್ (ಗ್ರೀಸ್ ಗನ್ ಕಚ್ಚಿಸುವ ಮೊಳೆ) ಒರೆಸಿ, ನಾಲ್ಕೂ ಕಪ್ಪಿನ ಸೀಲಿನಿಂದ ಹೊಸ ಗ್ರೀಸ್ ಇಣುಕುವ ತನಕ ಒತ್ತಿ. ಮೂರರಲ್ಲಿ ಬಂದು ಒಂದರಲ್ಲಿ ಬರದಿದ್ರೆ ಶಾಫ್ಟ್ ಆಚೀಚೆ ಅಲ್ಲಾಡಿಸಿ ಮತ್ತೆ ಒತ್ತಿ. ಆಗಲೂ ಬರದಿದ್ರೆ ಆ ಕಪ್ ಒಣಗಿದೆ. ಸೀಲಿನ ಸುತ್ತ ಕೆಂಪು ಪುಡಿ ಕಂಡ್ರೆ ನೀರು ಒಳಗೆ ಹೋಗಿದೆ, ಕ್ರಾಸ್ ಬದಲಾಯಿಸೋದೇ. ನಿಪ್ಪಲ್ ಇಲ್ಲದ ಕ್ರಾಸೂ ಬರುತ್ತೆ, ಅದಕ್ಕೆ ಗ್ರೀಸ್ ಹಾಕೋ ಹಾಗಿಲ್ಲ. ಮಳೆಗೆ ಮುಂಚೆ ಒಮ್ಮೆ, ಮಳೆ ಬಿಟ್ಟ ಮೇಲೆ ಒಮ್ಮೆ ಅಂತೂ ಹಾಕಿ. ಹಳ್ಳ ದಾಟಿದ ಗಾಡಿಯಾದ್ರೆ ಮನೆಗೆ ಬಂದ ಮೇಲೆ ಒಂದು ಸಲ ಜಾಸ್ತಿ.

ಕೋಣಂದೂರು:
ನಂದರಲ್ಲಿ ಕೆಂಪು ಪುಡಿ ಇದೆ. ನಾಳೆ ಹೊಸ ಪೋಸ್ಟ್ ಹಾಕ್ತೇನೆ, ಫೋಟೋ ಸಮೇತ.